ಪಿಕಪ್ ಗಾಡಿಯ ಮೋಹ ಮತ್ತು ಅದರ ಬೆನ್ನ ಮೇಲಿನ ಹಕ್ಕು

(ಜುಮಾ ಖುತ್ಬಾದ ಸಾರ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಅವನ ಕರುಣೆ ಮತ್ತು ಶಾಂತಿ ಪ್ರವಾದಿ ಮುಹಮ್ಮದ್‌(ಸ)ರ ಮೇಲೂ ಅವರ ಕುಟುಂಬದವರ, ಸಂಗಾತಿಗಳ ಮೇಲೂ ಇರಲಿ.



ಈ ವಾರದ ವಿಷಯ ಕೇಳಿ ಕೆಲವರಿಗೆ ನಗು ಬಂದೀತು. ನಾವು ಇಂದು ಪಿಕಪ್ ಗಾಡಿಗಳ ಬಗ್ಗೆ ಮಾತಾಡಲಿದ್ದೇವೆ. ಮಿಂಬರಿನ ಮೇಲೆ ಗಾಡಿಯ ಮಾತೇ ಎಂದು ಹಿರಿಯರು ಕೇಳಬಹುದು. ಆದರೆ ಚಿತ್ರದುರ್ಗವಿರಲಿ, ಹಿರಿಯೂರಿರಲಿ, ಹೊಸದುರ್ಗ, ಹೊಳಲ್ಕೆರೆಯಿರಲಿ, ಜುಮಾ ಮುಗಿಸಿ ಹೊರಗೆ ಬಂದರೆ ನಮ್ಮ ಹುಡುಗರು ಗುಂಪುಗೂಡಿ ನಿಂತಿರುವುದು ಯಾವುದಾದರೊಂದು ಗಾಡಿಯ ಸುತ್ತಲೇ. ಬಾನೆಟ್ ಎತ್ತಿರುತ್ತದೆ. ಒಬ್ಬ ಇಂಜಿನ್ನಿನ ಲೆಕ್ಕ ಹೇಳುತ್ತಿರುತ್ತಾನೆ, ಇನ್ನೊಬ್ಬ ಮೊಬೈಲಿನಲ್ಲಿ ಅದಕ್ಕಿಂತ ದೊಡ್ಡದನ್ನು ತೋರಿಸುತ್ತಿರುತ್ತಾನೆ. ಮನಸ್ಸು ಎಲ್ಲಿದೆಯೋ ಅಲ್ಲಿಗೆ ಖುತ್ಬಾ ಹೋಗಬೇಕಲ್ಲವೇ?

ನಮ್ಮ ಮಾತಿನಲ್ಲಿ ‘ಪಿಕಪ್’ ಎಂಬ ಪದಕ್ಕೆ ಎರಡು ಅರ್ಥಗಳಿವೆ, ಗಮನಿಸಿದ್ದೀರಾ? ಮಂಡಿಗೆ ಈರುಳ್ಳಿ ಹೊರುವ ಗಾಡಿಯೂ ಪಿಕಪ್ಪೇ. ‘ಗಾಡಿಯ ಪಿಕಪ್ ಹೇಗಿದೆ?’ ಎಂದು ಕೇಳಿದರೆ, ಆಕ್ಸಿಲರೇಟರ್ ಒತ್ತಿದೊಡನೆ ಎಷ್ಟು ಜೋರಾಗಿ ಮುನ್ನುಗ್ಗುತ್ತದೆ ಎಂದರ್ಥ. ಒಂದು ಹೊರೆಯ ಮಾತು, ಒಂದು ವೇಗದ ಮಾತು. ಇಂದು ನಾವು ಹೇಳಬೇಕಾದದ್ದೆಲ್ಲ ಈ ಎರಡರ ನಡುವೆಯೇ ಇದೆ.

ಗಾಡಿಯೊಂದಿಗೆ ನಮ್ಮವರ ನಂಟು ಇಂದಿನದಲ್ಲ. ನಮ್ಮ ಅಜ್ಜಂದಿರಲ್ಲಿ ಎಷ್ಟೋ ಜನ ಜಟಕಾ ಓಡಿಸಿದವರು. ಜಟಕಾ ಸಾಬರು ಎಂದೇ ಊರು ಅವರನ್ನು ಗುರುತಿಸುತ್ತಿತ್ತು. ಕುದುರೆಗೆ ಹುರುಳಿ ಬೇಯಿಸಿ ಹಾಕದೆ ಅವರು ತಾವು ಉಣ್ಣುತ್ತಿರಲಿಲ್ಲ. ಆಮೇಲೆ ಟೆಂಪೊ, ಮೆಟಡಾರ್ ಬಂದವು. 2005ರಲ್ಲಿ ಟಾಟಾ ಏಸ್ ಬಂತು. ಎರಡು ಸಿಲಿಂಡರಿನ ಪುಟ್ಟ ಡೀಸೆಲ್ ಇಂಜಿನ್, ಕೇವಲ 16 ಅಶ್ವಶಕ್ತಿ, ಮುಕ್ಕಾಲು ಟನ್ ಹೊರೆ. ಛೋಟಾ ಹಾಥಿ ಎಂದು ಜನ ಅದಕ್ಕೆ ಹೆಸರಿಟ್ಟರು. ಕೂಲಿಗೆ ಹೋಗುತ್ತಿದ್ದ ಅದೆಷ್ಟೋ ಹುಡುಗರನ್ನು ಆ ಮರಿ ಆನೆ ಮಾಲೀಕರನ್ನಾಗಿ ಮಾಡಿತು. ಇಂದು 1.7 ಟನ್ ಹೊರುವ ಬೊಲೆರೊ ಪಿಕಪ್‌ಗಳು ಹೊಸದುರ್ಗದ ತೆಂಗಿನಕಾಯಿ, ಹಿರಿಯೂರಿನ ದಾಳಿಂಬೆ, ಹೊಳಲ್ಕೆರೆ ಕಡೆಯ ಅಡಿಕೆಗಳನ್ನು ಹೊತ್ತು ರಾತ್ರಿಯೆಲ್ಲ ಓಡುತ್ತವೆ. ತಹಜ್ಜುದ್‌ಗೆ ಎದ್ದವರಿಗೆ ಹೆದ್ದಾರಿಯ ಕಡೆಯಿಂದ ಆ ಸದ್ದು ಕೇಳಿಸುತ್ತದೆ. ಅದು ಹಲಾಲ್ ದುಡಿಮೆಯ ಸದ್ದು.

ಬಲವಾದ, ಚೆಂದದ ವಾಹನವನ್ನು ಬಯಸುವುದು ತಪ್ಪೆಂದು ನಾವು ಹೇಳಲಾರೆವು. ‘ಅನ್ನಹ್ಲ್’ ಅಧ್ಯಾಯದಲ್ಲಿ ಅಲ್ಲಾಹನು ಕುದುರೆ, ಹೇಸರಗತ್ತೆ, ಕತ್ತೆಗಳನ್ನು ತನ್ನ ಅನುಗ್ರಹಗಳಲ್ಲಿ ಎಣಿಸುವಾಗ ಸವಾರಿಯೊಂದಿಗೆ ಅಲಂಕಾರವನ್ನೂ ಹೆಸರಿಸಿದ್ದಾನೆ. ನೀವು ಅರಿಯದ ಇನ್ನೂ ಎಷ್ಟನ್ನೋ ಅವನು ಸೃಷ್ಟಿಸುತ್ತಾನೆಂಬ ಸೂಚನೆಯೂ ಅಲ್ಲೇ ಇದೆ. ಒಳ್ಳೆಯ ಸವಾರಿಯನ್ನು ಪ್ರವಾದಿವರ್ಯರು(ಸ) ಮನುಷ್ಯನ ಸೌಭಾಗ್ಯಗಳಲ್ಲಿ ಎಣಿಸಿದ್ದಾರೆ. ಮದೀನಾದಲ್ಲಿ ಅವರು ಕುದುರೆಗಳ ಓಟದ ಸ್ಪರ್ಧೆಯನ್ನೇ ಏರ್ಪಡಿಸಿದ್ದರು. ಪಳಗಿಸಿದ ಕುದುರೆಗಳಿಗೆ ಉದ್ದದ ದಾರಿ, ಪಳಗದವಕ್ಕೆ ಚಿಕ್ಕ ದಾರಿ. ಅಬ್ದುಲ್ಲಾ ಇಬ್ನ್ ಉಮರ್‌(ರ) ಅದರಲ್ಲಿ ಓಡಿಸಿದವರಲ್ಲಿ ಒಬ್ಬರು. ಆದ್ದರಿಂದ ಹುಡುಗರು ಇಂಜಿನ್ನಿನ ಮಾತಾಡಿದರೆ ಮುಖ ಸಿಂಡರಿಸುವ ಹಿರಿಯರು ಸ್ವಲ್ಪ ಸಮಾಧಾನ ತಂದುಕೊಳ್ಳಬೇಕು.

ಈಗ ಆ ಮೊಬೈಲಿನಲ್ಲಿ ಕಾಣುವ ದೊಡ್ಡ ಗಾಡಿಗಳಿಗೆ ಬರೋಣ. ಅಮೆರಿಕದಲ್ಲಿ ಕಂಪನಿಗಳೇ ಕಾರ್ಖಾನೆಯಲ್ಲಿ ಓಟದ ಕಾರಿನ ಬಲ ತುಂಬಿ ಪಿಕಪ್‌ಗಳನ್ನು ಮಾರುತ್ತವೆ. 2004ರಲ್ಲಿ ಡಾಡ್ಜ್ ಕಂಪನಿ ತನ್ನ ವೈಪರ್ ಎಂಬ ಸ್ಪೋರ್ಟ್ಸ್ ಕಾರಿನ ಹತ್ತು ಸಿಲಿಂಡರಿನ, 500 ಅಶ್ವಶಕ್ತಿಯ ಇಂಜಿನ್ನನ್ನು ಪಿಕಪ್ಪಿಗೆ ಕೂರಿಸಿತು. ಅದು ಗಂಟೆಗೆ ಸುಮಾರು 248 ಕಿ.ಮೀ. ವೇಗ ಮುಟ್ಟಿ ದಾಖಲೆ ಮಾಡಿತು. ಫೋರ್ಡ್ ಕಂಪನಿಯ ರಾಪ್ಟರ್ ಮರಳುಗಾಡಿನಲ್ಲಿ ಹಾರಿ ಇಳಿಯುವುದನ್ನು ನೋಡದ ಹುಡುಗ ನಮ್ಮಲ್ಲಿ ಯಾರಿದ್ದಾನೆ? ನಮ್ಮ ದೇಶಕ್ಕೆ ಆ ಮಟ್ಟದ್ದು ಬಂದಿಲ್ಲ. ಇಸುಜು ಕಂಪನಿಯ ವಿ-ಕ್ರಾಸ್ 2016ರಲ್ಲಿ ಬಂತು, ಟೊಯೊಟಾ ಹೈಲಕ್ಸ್ 2022ರಲ್ಲಿ. ಹೈಲಕ್ಸ್‌ಗೆ 204 ಅಶ್ವಶಕ್ತಿ, ಬಂದಾಗ ಬೆಲೆ ಮೂವತ್ತು ಲಕ್ಷದ ಮೇಲಿತ್ತು.

ಇವುಗಳಲ್ಲಿ ನಮ್ಮನ್ನು ಯೋಚನೆಗೆ ಹಚ್ಚಿದ್ದು 1991ರ ಒಂದು ಗಾಡಿ. ಜಿಎಂಸಿ ಸೈಕ್ಲೋನ್ ಎಂದು ಅದರ ಹೆಸರು. ಟರ್ಬೊ ಹಾಕಿದ 280 ಅಶ್ವಶಕ್ತಿಯ ಇಂಜಿನ್. ವಾಹನ ಪತ್ರಿಕೆಯೊಂದು ಅದನ್ನು ಫೆರಾರಿಯ ಪಕ್ಕದಲ್ಲಿ ನಿಲ್ಲಿಸಿ ಕಾಲು ಮೈಲಿ ಓಡಿಸಿದಾಗ ಪಿಕಪ್ಪೇ ಮುಂದೆ ಬಂತು. ಅದೇ ಗಾಡಿಗೆ ಕಂಪನಿ ನಿಗದಿ ಮಾಡಿದ ಹೊರೆ ಎಷ್ಟು ಗೊತ್ತೇ? 500 ಪೌಂಡ್. ಅಂದರೆ ಸುಮಾರು 227 ಕಿಲೊ. ಐವತ್ತು ಕಿಲೊದ ನಾಲ್ಕು ಈರುಳ್ಳಿ ಚೀಲ ಹಾಕಬಹುದು, ಐದನೆಯದನ್ನು ಏರಿಸುವಂತಿಲ್ಲ. ನಮ್ಮ ಹದಿನಾರು ಅಶ್ವಶಕ್ತಿಯ ಛೋಟಾ ಹಾಥಿ ಅದರ ಮೂರು ಪಟ್ಟು ಹೊರುತ್ತದೆ! ಹಿಂದೆ ಬಾಡಿ ಇದೆ, ಹೊರೆ ಇಲ್ಲ. ರೂಪ ಪಿಕಪ್ಪಿನದು, ಕೆಲಸ ಮಾತ್ರ ಬೇರೆ.

ಇಲ್ಲಿ ಕುದುರೆಗಳ ಕುರಿತ ಒಂದು ಹದೀಸ್ ನೆನಪಾಗುತ್ತದೆ. ಅಬೂ ಹುರೈರಾ(ರ) ವರದಿ ಮಾಡಿದ, ಬುಖಾರಿಯಲ್ಲಿರುವ ಆ ಹದೀಸಿನ ಸಾರ ಇಷ್ಟು: ಕುದುರೆ ಒಬ್ಬನಿಗೆ ಪುಣ್ಯ, ಒಬ್ಬನಿಗೆ ರಕ್ಷಣೆ, ಇನ್ನೊಬ್ಬನಿಗೆ ಪಾಪದ ಹೊರೆ. ಅಲ್ಲಾಹನ ಮಾರ್ಗದಲ್ಲಿ ಕಟ್ಟಿ ಸಾಕಿದವನಿಗೆ ಅದು ಮೇಯ್ದ ಹುಲ್ಲು, ಕುಡಿದ ನೀರು, ಊರಿದ ಹೆಜ್ಜೆಯೂ ಪುಣ್ಯವಾಗಿ ಬರೆಯಲ್ಪಡುತ್ತದೆ. ಯಾರ ಮುಂದೆಯೂ ಕೈಚಾಚದೆ ಬದುಕಲೆಂದು ಸಾಕಿದವನಿಗೆ ಅದು ರಕ್ಷಣೆ. ಆದರೆ ಒಂದು ಷರತ್ತಿದೆ: ಅದರ ಕುತ್ತಿಗೆ ಮತ್ತು ಬೆನ್ನಿನಲ್ಲಿರುವ ಅಲ್ಲಾಹನ ಹಕ್ಕನ್ನು ಅವನು ಮರೆತಿರಬಾರದು. ಜಂಬಕ್ಕೆ, ಪ್ರದರ್ಶನಕ್ಕೆ ಕಟ್ಟಿದವನಿಗೆ ಅದೇ ಕುದುರೆ ಹೊರೆ. ಗಮನಿಸಿ, ಪ್ರವಾದಿ(ಸ) ಮೂರು ಜಾತಿಯ ಕುದುರೆಗಳ ಬಗ್ಗೆ ಹೇಳಲಿಲ್ಲ, ಮೂರು ಬಗೆಯ ಮನುಷ್ಯರ ಬಗ್ಗೆ ಹೇಳಿದರು.

ಮೊದಲನೆಯವನನ್ನು ನಾವು ಕಣ್ಣಾರೆ ಕಂಡಿದ್ದೇವೆ. 2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ, ಹಳೆಯ ಪಿಕಪ್ಪಿನ ಹಿಂದೆ ಟಾರ್ಪಾಲು ಕಟ್ಟಿ ಜಾತಿ ಮತ ಕೇಳದೆ ಮಯ್ಯಿತ್ ಸಾಗಿಸಿದ ಹುಡುಗರು ನಮ್ಮಲ್ಲಿದ್ದಾರೆ. ಹೆಸರು ಹೇಳುವುದು ಅವರಿಗೇ ಇಷ್ಟವಿಲ್ಲ.

ಎರಡನೆಯವನ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಇಲ್ಲಿ ಕೂತಿರುವ ಹೆಚ್ಚಿನವರು ಅವರೇ. ಗಾಡಿಯ ಬೆನ್ನಿನಲ್ಲಿರುವ ಹಕ್ಕು ಎಂದರೇನು? ಇಂದಿನ ಕಾಲಕ್ಕೆ ಅದರಲ್ಲಿ ಬಾಡಿಯ ಮೇಲೆ ಏನನ್ನು, ಎಷ್ಟನ್ನು ಏರಿಸುತ್ತೇವೆ ಎಂಬುದೂ ಸೇರಿದೆಯೆಂದು ನಾವು ತಿಳಿಯುತ್ತೇವೆ. ಅನ್ಸಾರಿಯೊಬ್ಬರ ತೋಟದಲ್ಲಿದ್ದ ಒಂಟೆ ಪ್ರವಾದಿ(ಸ)ರನ್ನು ಕಂಡು ಕಣ್ಣೀರಿಟ್ಟಿತು. ಅದನ್ನು ಹಸಿವಿನಲ್ಲಿಟ್ಟು ದಣಿಸುತ್ತಿದ್ದ ಒಡೆಯನನ್ನು ಕರೆಸಿ ಪ್ರವಾದಿ(ಸ) ಎಚ್ಚರಿಸಿದರು. ಕಬ್ಬಿಣದ ಗಾಡಿ ಅಳುವುದಿಲ್ಲ. ಅದು ಬ್ರೇಕ್ ಹಿಡಿಯದೆ, ಟೈರ್ ಸಿಡಿದು ದೂರು ಹೇಳುತ್ತದೆ. ಆಗ ಅಳುವವರು ಬೇರೆಯವರು. ಹೆಚ್ಚುವರಿ ಹೊರೆಗೆ 2019ರಿಂದ ದಂಡ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಆದರೂ ಎರಡು ಟ್ರಿಪ್ಪಿನ ಸರಕನ್ನು ಒಂದೇ ಟ್ರಿಪ್ಪಿಗೆ ತುಂಬುತ್ತೇವೆ. ಸರಕಿನ ಗಾಡಿಗಳಿಗೆ 80 ಕಿ.ಮೀ. ವೇಗದ ಮಿತಿ ಇಟ್ಟಿರುವ ಗವರ್ನರ್ ಅನ್ನು ಬಿಚ್ಚಿಸಿ, ‘ಈಗ ಪಿಕಪ್ ಬಂತು ನೋಡಿ ಭಾಯಿ’ ಎನ್ನುತ್ತೇವೆ.

ಇನ್ನು ಜನರನ್ನು ಹತ್ತಿಸುವ ವಿಷಯ. ಈರುಳ್ಳಿ ಕೀಳಲು ಹೋಗುವ ಹೆಂಗಸರು, ನಿಕಾಹ್‌ಗೆ ಹೊರಟ ಇಡೀ ಓಣಿಯ ಜನ, ಪಾತ್ರೆ ಪಡಗದ ಜೊತೆ ಮಕ್ಕಳು, ಎಲ್ಲರೂ ಹಿಂದಿನ ಬಾಡಿಯಲ್ಲಿ. 2002ರ ಕೊನೆಯಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರ ಪರಿಹಾರಕ್ಕೆ ವಿಮಾ ಕಂಪನಿ ಹೊಣೆಯಲ್ಲ. ಹಾಗಾದರೆ ಹೊಣೆ ಯಾರದು? ಆರ್.ಸಿ.ಯಲ್ಲಿ ಹೆಸರಿರುವವನದು. ಮನೆ ಮಾರಿದರೂ ತೀರದ ಹೊಣೆ ಅದು. ಒಬ್ಬ ತಾಯಿಯ ಮಕ್ಕಳು ಯತೀಮರಾದ ಮೇಲೆ ‘ತಖ್ದೀರ್’ ಎಂದು ಕೈ ಒರೆಸಿಕೊಳ್ಳಲು ನಮಗೆ ಅನುಮತಿಯಿಲ್ಲ.

ಮೂರನೆಯವನ ಬಗ್ಗೆ ಹೇಳುವಾಗ ನಾವು ಬೆರಳು ತೋರಿಸಬೇಕಾದದ್ದು ಮೊದಲು ನಮ್ಮ ಕಡೆಗೇ. ಹೊಸದುರ್ಗದ ಕಡೆಯ ಒಬ್ಬ ತಮ್ಮನ ಬಳಿ ಸಾಲವೆಲ್ಲ ತೀರಿದ ಒಂದು ಏಸ್ ಇತ್ತು. ತೆಂಗಿನಕಾಯಿ ಬಾಡಿಗೆಯಿಂದ ತಾಯಿ, ಇಬ್ಬರು ತಂಗಿಯರ ಸಂಸಾರ ನಡೆಯುತ್ತಿತ್ತು. ಒಂದು ದಿನ ಅದನ್ನು ಮಾರಿದ. ಅಮ್ಮಿಯ ಬಳೆಗಳನ್ನೂ ಅಡವಿಟ್ಟ. ಉಳಿದದ್ದಕ್ಕೆ ಫೈನಾನ್ಸಿನಲ್ಲಿ ಬಡ್ಡಿ ಸಾಲ. ನಾಲ್ಕು ಬಾಗಿಲಿನ, ಎದೆಯೆತ್ತರದ, ಕಪ್ಪು ಬಣ್ಣದ ಸೆಕೆಂಡ್ ಹ್ಯಾಂಡ್ ಪಿಕಪ್ ತಂದ. ದುಆ ಮಾಡಲು ನಮ್ಮನ್ನು ಕರೆದ. ನಾವು ಹೋದೆವು. ದುಆ ಮಾಡಿದೆವು. ಹತ್ತಿ ಕೂತೆವು, ಒಂದು ಸುತ್ತು ಹೋಗಿ ಬಂದೆವು, ‘ಮಾಶಾ ಅಲ್ಲಾಹ್, ಏನು ಪಿಕಪ್!’ ಎಂದೆವು. ದುಡ್ಡು ಹೇಗೆ ಹೊಂದಿಸಿದೆ ಮಗಾ ಎಂದು ಕೇಳಲಿಲ್ಲ. ಬಿಳಿ ಬೋರ್ಡಿನ ಗಾಡಿ ಬಾಡಿಗೆಗೆ ಓಡಿಸುವಂತಿಲ್ಲ, ಕಂತು ಎಲ್ಲಿಂದ ಕಟ್ಟುತ್ತೀ ಎಂದೂ ಕೇಳಲಿಲ್ಲ. ಐದು ತಿಂಗಳು ಕಂತು ನಡೆಯಿತು. ಆರನೆಯ ತಿಂಗಳು ನಿಂತಿತು. ಕೊನೆಗೆ ರಸ್ತೆಯಲ್ಲೇ ಗಾಡಿ ಸೀಜ್ ಮಾಡಿ ಕೀ ಕಿತ್ತುಕೊಂಡು ಹೋದರು. ಈಗ ಆ ಹುಡುಗ ಬೇರೆಯವರ ಗಾಡಿಗೆ ಚಾಲಕ. ಅಮ್ಮಿಯ ಕೈ ಬರಿದಾಗಿದೆ. ಸಲಾಮ್ ಹೇಳುವಾಗ ಅವನು ನಮ್ಮ ಮುಖ ನೋಡುವುದಿಲ್ಲ, ನಿಜ ಹೇಳಬೇಕೆಂದರೆ ನಮಗೂ ಅವನ ಮುಖ ನೋಡುವುದು ಕಷ್ಟ.

ಬಡ್ಡಿಯಿಲ್ಲದೆ ಗಾಡಿ ಮಾಡುವುದು ಸಾಧ್ಯವೇ ಇಲ್ಲವೆಂದು ಕೆಲವರು ವಾದಿಸುತ್ತಾರೆ. ಕಷ್ಟ, ಒಪ್ಪುತ್ತೇವೆ. ಆದರೆ ಹಿರಿಯೂರಿನಲ್ಲಿ ಮೂವರು ಸೇರಿ ಪಾಲುದಾರಿಕೆಯಲ್ಲಿ ಹಳೆಯ ಪಿಕಪ್ ಕೊಂಡು ದುಡಿಯುತ್ತಿರುವುದನ್ನು ನಾವು ಬಲ್ಲೆವು. ಇಬ್ಬರದು ಹಣ, ಹಣದ ಜೊತೆಗೆ ದುಡಿಮೆಯೂ ಒಬ್ಬನದು. ಡೀಸೆಲ್, ಟೈರ್, ಎಫ್.ಸಿ., ಇನ್ಶೂರೆನ್ಸ್ ಕಳೆದು ಉಳಿದದ್ದು ಹಂಚಿಕೆ. ನಷ್ಟ ಬಂದರೆ ಹಾಕಿದ ಹಣಕ್ಕೆ ತಕ್ಕಂತೆ ಎಂದು ಕಾಗದದ ಮೇಲೆ ಬರೆದು, ಸಾಕ್ಷಿ ಹಾಕಿಸಿದ್ದಾರೆ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕಲಿಸುವ ವಚನವೇ ಕುರ್‌ಆನಿನ ಅತ್ಯಂತ ದೀರ್ಘ ವಚನ ಎಂಬುದು ನೆನಪಿರಲಿ. ಅಣ್ಣ ತಮ್ಮಂದಿರ ನಡುವೆ ಕಾಗದ ಯಾಕೆ ಎಂದವರ ಜಗಳ ಬಿಡಿಸಿ ಬಿಡಿಸಿ ನಮ್ಮ ಮುತವಲ್ಲಿಗಳು ಸೋತಿದ್ದಾರೆ.

ಝಕಾತಿನ ಬಗ್ಗೆ ಹಲವರು ಕೇಳಿದ್ದರಿಂದ ಒಂದು ಮಾತು: ದುಡಿಮೆಗಿರುವ ಗಾಡಿಯ ಬೆಲೆಯ ಮೇಲೆ ಝಕಾತ್ ಇಲ್ಲ. ಅದರಿಂದ ಬಂದು ಉಳಿದ ಹಣ ನಿಸಾಬ್ ಮುಟ್ಟಿ ವರ್ಷ ತುಂಬಿದರೆ ಅದರ ಮೇಲೆ ಇದೆ. ಮಾರಾಟಕ್ಕೆಂದು ಗಾಡಿ ತಂದು ನಿಲ್ಲಿಸುವವರಿಗೆ ಅವು ವ್ಯಾಪಾರದ ಸರಕು, ಬೆಲೆಯ ಮೇಲೆಯೇ ಝಕಾತ್ ಇದೆ.

ಸುಲೈಮಾನ್(ಅ)ರ ಮುಂದೆ ಒಂದು ಸಂಜೆ ಉತ್ತಮ ತಳಿಯ ಕುದುರೆಗಳನ್ನು ತಂದು ನಿಲ್ಲಿಸಿದ ಪ್ರಸಂಗ ‘ಸ್ವಾದ್’ ಅಧ್ಯಾಯದಲ್ಲಿದೆ. ಅವುಗಳನ್ನು ನೋಡುತ್ತ ಸೂರ್ಯ ಮರೆಯಾಯಿತು, ಅಸರ್ ನಮಾಝಿನ ಹೊತ್ತು ಮೀರಿತು ಎಂದು ವ್ಯಾಖ್ಯಾನಕಾರರಲ್ಲಿ ಅನೇಕರು ವಿವರಿಸಿದ್ದಾರೆ. ಬೇರೆ ವಿವರಣೆಗಳೂ ಇವೆ. ಪ್ರವಾದಿಗಳ ಮನಸ್ಸನ್ನೇ ಹಿಡಿದು ನಿಲ್ಲಿಸುವಷ್ಟು ಸೊಬಗು ಒಂದು ಸವಾರಿಗಿದ್ದರೆ, ಹದಿನೆಂಟರ ಹುಡುಗನ ಪಾಡೇನು? ಬೈಯ್ದು ಪ್ರಯೋಜನವಿಲ್ಲ. ಅಸರ್‌ನ ಹೊತ್ತಿಗೆ ಅವನ ಹೆಗಲ ಮೇಲೆ ಕೈಯಿಟ್ಟು ಕರೆದು ತರಬೇಕು, ಅಷ್ಟೇ.

ಕುದುರೆಗಳ ಆ ಹದೀಸಿಗೆ ಇನ್ನೊಂದು ತುದಿಯಿದೆ. ಎಲ್ಲ ಕೇಳಿದ ಮೇಲೆ ಸಂಗಾತಿಗಳು ಕತ್ತೆಗಳ ಬಗ್ಗೆ ವಿಚಾರಿಸಿದರು. ಕತ್ತೆ ಬಡವನ ಸವಾರಿ, ಅಂದಿನ ಛೋಟಾ ಹಾಥಿ ಎನ್ನಿ. ಅವುಗಳ ಬಗ್ಗೆ ತನಗೆ ಪ್ರತ್ಯೇಕವಾಗಿ ಏನೂ ಅವತೀರ್ಣವಾಗಿಲ್ಲ, ಒಂದು ಸಮಗ್ರ ವಚನದ ಹೊರತು ಎಂದು ಪ್ರವಾದಿ(ಸ) ಉತ್ತರಿಸಿ, ಅಣುವಿನಷ್ಟು ಒಳಿತನ್ನೂ ಅಣುವಿನಷ್ಟು ಕೆಡುಕನ್ನೂ ಮನುಷ್ಯ ಕಾಣಲಿದ್ದಾನೆಂಬ ‘ಝಿಲ್‌ಝಾಲ್’ ಅಧ್ಯಾಯದ ವಚನಗಳನ್ನು ಓದಿದರು. ಮೂವತ್ತು ಲಕ್ಷದ ಗಾಡಿಗೂ ಮೂರು ಲಕ್ಷದ ಗಾಡಿಗೂ ತೂಕದ ಕಲ್ಲು ಒಂದೇ.

ಇಂದು ಎರಡನೇ ಖುತ್ಬಾದ ನಂತರ, ನಮಾಝ್ ಮುಗಿದ ಕೂಡಲೇ ಗಾಡಿಯಿರುವ ಸಹೋದರರು ದಯವಿಟ್ಟು ಮಸೀದಿಯ ಅಂಗಳದಲ್ಲಿ ಉಳಿಯಬೇಕು. ಆರ್.ಸಿ., ಎಫ್.ಸಿ., ಇನ್ಶೂರೆನ್ಸ್ ಕಾಗದಗಳನ್ನು ತಂದಿರಿ ಎಂದು ಕಳೆದ ವಾರವೇ ತಿಳಿಸಿದ್ದೆವು. ಅವಧಿ ಮೀರಿದವುಗಳ ಪಟ್ಟಿ ಮಾಡೋಣ. ನವೀಕರಣಕ್ಕೆ ಹಣ ಸಾಲದವರು ಮುತವಲ್ಲಿಯವರಲ್ಲಿ ಗುಟ್ಟಾಗಿ ಹೇಳಿ, ಬಡ್ಡಿಯಿಲ್ಲದ ಸಾಲಕ್ಕೆ ಬೈತುಲ್‌ಮಾಲ್‌ನಿಂದ ವ್ಯವಸ್ಥೆ ಮಾಡಲು ಜಮಾಅತ್ ಒಪ್ಪಿದೆ. ಹೊಸ ಗಾಡಿ ತೆಗೆದುಕೊಳ್ಳುವವರು ದುಆಕ್ಕೆ ನಮ್ಮನ್ನು ಖಂಡಿತ ಕರೆಯಿರಿ. ಆದರೆ ಈ ಸಲ ಹತ್ತಿ ಕೂರುವ ಮುಂಚೆ ನಾವು ಕೆಲವು ಪ್ರಶ್ನೆ ಕೇಳುತ್ತೇವೆ, ಬೇಸರ ಮಾಡಿಕೊಳ್ಳಬೇಡಿ.