ಬರೀ ನೀರು ಯಾಕೆ ಸೇರುವುದಿಲ್ಲ?

ಈ ವಾರ ನೀರಿನ ಬಗ್ಗೆ ಮಾತಾಡೋಣ. ನೀರಿಲ್ಲದ ಊರಿನ ಕತೆಯಲ್ಲ, ಅದನ್ನು ಏಪ್ರಿಲ್ ಬಂದ ಕೂಡಲೇ ಎಲ್ಲರೂ ಮಾತಾಡುತ್ತಾರೆ. ಮನೆಯಲ್ಲಿ ಕೊಡ ತುಂಬ ಒಳ್ಳೆಯ ನೀರಿದ್ದೂ ಅದನ್ನು ಕುಡಿಯಲಾಗದವರ ವಿಷಯ ಇದು.

ಇಂಥವರು ಒಬ್ಬರಾದರೂ ನಿಮ್ಮ ಮನೆಯಲ್ಲಿ ಇರುತ್ತಾರೆ. "ನಂಗೆ ಬರೀ ನೀರು ಸೇರ್ತಿಲ್ಲೆ" ಅನ್ನುವ ಅಜ್ಜಿ, ಅಥವಾ ಬೆಳಿಗ್ಗೆ ತುಂಬಿ ಕೊಟ್ಟ ಬಾಟಲಿಯನ್ನು ಸಂಜೆ ಅಷ್ಟೇ ಭಾರವಾಗಿ ವಾಪಸ್ ತರುವ ಶಾಲೆ ಹುಡುಗ. ನಾವು ಮಾಡುವುದೇನು? ಬೈಯುತ್ತೇವೆ. ದಿನಕ್ಕೆ ಎಂಟು ಲೋಟ ಅಂತ ಮೊಬೈಲಿನಲ್ಲಿ ಬಂದದ್ದನ್ನು ಓದಿ ಹೇಳುತ್ತೇವೆ. ಅವರು ಒಂದು ಗುಟುಕು ಕುಡಿದು ಲೋಟ ಕೆಳಗಿಡುತ್ತಾರೆ. ಅಲ್ಲಿಗೆ ಮುಗೀತು.

ನನಗೆ ಅನ್ನಿಸುವುದು, ಬೈಯುವುದರ ಬದಲು ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೇ ಮನೆಗಳು ಈ ವಿಷಯವನ್ನು ಹೇಗೆ ನಿಭಾಯಿಸಿದ್ದವು ಅಂತ ಒಮ್ಮೆ ನೋಡಬೇಕು. ಇಲ್ಲಿನ ಹವ್ಯಕರ ಮನೆಗೆ ಯಾರಾದರೂ ಹೋದರೆ ಕಾಲು ತೊಳೆದು ಜಗಲಿಗೆ ಹತ್ತುವುದರೊಳಗೆ ಕೇಳುತ್ತಾರೆ: "ಆಸ್ರಿಗೆ ಎಂತ ಮಾಡವು?" ಆಸರು ಅಂದರೆ ಬಾಯಾರಿಕೆಯೂ ಹೌದು, ದಣಿವೂ ಹೌದು. ಈ ಪ್ರಶ್ನೆಗೆ "ನೀರು" ಅನ್ನುವುದು ಪೂರ್ತಿ ಉತ್ತರವಲ್ಲ. ನೀರು ಹೇಗೂ ಬರುತ್ತದೆ, ಅದರ ಜೊತೆ ಒಂದು ಚೂರು ಬೆಲ್ಲವೂ ಬರುತ್ತದೆ. ಆಮೇಲೆ ಮಜ್ಜಿಗೆಯೋ, ಕೊತ್ತಂಬರಿ ಜೀರಿಗೆ ಹುರಿದು ಪುಡಿ ಮಾಡಿದ ಕಷಾಯವೋ, ಬೇಸಿಗೆಯಾದರೆ ಮುರುಗಲ ಹಣ್ಣಿನ ಪಾನಕವೋ. ಫೆಬ್ರವರಿ ಹೊತ್ತಿಗೆ ಆಲೆಮನೆ ನಡೆದಿದ್ದರೆ ಕಬ್ಬಿನ ಹಾಲು. ತೋಟದ ಕೆಲಸಕ್ಕೆ ಬಂದವರಿಗೆ ಮಧ್ಯಾಹ್ನದ ಮೊದಲು ಉಪ್ಪು ಹಾಕಿದ ಮಜ್ಜಿಗೆ ನೀರು. ಹವ್ಯಕರಲ್ಲದ ಎಷ್ಟೋ ಮನೆಗಳಲ್ಲಿ ಬೆಳಗಿನ ಗಂಜಿಯೇ ಊಟ, ಗಂಜಿಯೇ ನೀರು.

ಊಟದಲ್ಲೂ ಅಷ್ಟೇ. ಒಂದೆಲಗದ ತಂಬುಳಿ, ದಾಳಿಂಬೆ ಸಿಪ್ಪೆಯ ತಂಬುಳಿ ಇವನ್ನು ಅನ್ನಕ್ಕೆ ಕಲಸುವುದು ಸ್ವಲ್ಪ, ಕುಡಿಯುವುದು ಜಾಸ್ತಿ. ಅಪ್ಪೆಹುಳಿಯಂತೂ ಹೆಸರಿಗೆ ಮಾತ್ರ ಸಾರು. ಮಾವಿನಕಾಯಿಯನ್ನು ಕಿವುಚಿ, ಧಾರಾಳವಾಗಿ ನೀರು ಬೆರೆಸಿ, ಉಪ್ಪು ಹಾಕಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟರೆ ಆಯಿತು. ಲೋಟಕ್ಕೆ ಹಾಕಿಸಿಕೊಂಡು ಎರಡು ಸಲ ಕುಡಿದು, ಅಡಿಕೆ ಚೀಲಕ್ಕೆ ತಲೆಕೊಟ್ಟು ನಿದ್ದೆ ಮಾಡುವವರನ್ನು ನೀವೂ ನೋಡಿರುತ್ತೀರಿ. ಆ ಎರಡು ಲೋಟವನ್ನು ಯಾರೂ ನೀರಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ದೇಹ ಹಿಡಿಯುತ್ತದೆ.

ಎಂಟು ಲೋಟದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣೆ ಮಂಡಳಿ ವಯಸ್ಕರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಸಾಕು ಅಂತ ಬರೆಯಿತು. ಅದರ ಬೆನ್ನಿಗೇ, ಇದರಲ್ಲಿ ಹೆಚ್ಚಿನ ಪಾಲು ನಾವು ತಿನ್ನುವ ಆಹಾರದಲ್ಲೇ ಇದೆ ಅಂತಲೂ ಬರೆದಿತ್ತು. ಮೊದಲ ವಾಕ್ಯ ಲೋಕವೆಲ್ಲ ಸುತ್ತಿತು, ಎರಡನೆಯದು ಅಲ್ಲೇ ಉಳಿಯಿತು. ಬೆಂದ ಅನ್ನದ ತೂಕದಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ನೀರೇ. ಮೊಗೆಕಾಯಿಯಂತೂ ಬಹುಪಾಲು ನೀರು. ಚಾ ಕುಡಿದರೆ ಒಳಗಿದ್ದ ನೀರೂ ಹೋಗುತ್ತದೆ ಅನ್ನುವುದೂ ಸರಿಯಲ್ಲ, ದಿನಕ್ಕೆ ಮೂರು ನಾಲ್ಕು ಲೋಟ ಚಾ ಕುಡಿದರೆ ಅದರ ನೀರು ದೇಹಕ್ಕೆ ಸಿಕ್ಕೇ ಸಿಗುತ್ತದೆ.

ಹಾಗಾದರೆ ಬರೀ ನೀರು ಕೆಲವರಿಗೆ ಯಾಕೆ ಸೇರುವುದಿಲ್ಲ? ನೀರಿಗೆ ರುಚಿ ಇಲ್ಲ ಅಂತ ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ನಾಲಿಗೆ ಅದನ್ನು ಒಪ್ಪುವುದಿಲ್ಲ. ನಾಲಿಗೆ ಯಾವಾಗಲೂ ಜೊಲ್ಲಿನಲ್ಲೇ ನೆನೆದಿರುತ್ತದೆ, ಜೊಲ್ಲಿನಲ್ಲಿ ಸ್ವಲ್ಪ ಉಪ್ಪಿದೆ, ನಾಲಿಗೆಗೆ ಅದು ಅಭ್ಯಾಸ. ಅದಕ್ಕಿಂತ ಸಪ್ಪೆಯಾದ ನೀರು ಬಂದು ತೊಳೆದಾಗ ಕೆಲವರಿಗೆ ಸಣ್ಣ ಕಹಿ ಅನ್ನಿಸುತ್ತದೆ. 2017ರಲ್ಲಿ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ವಿಜ್ಞಾನಿಗಳು ಇಲಿಗಳಲ್ಲಿ ನೋಡಿದಾಗ, ಹುಳಿಯನ್ನು ಗುರುತಿಸುವ ನಾಲಿಗೆಯ ಕೋಶಗಳೇ ನೀರಿಗೂ ಎಚ್ಚರಗೊಳ್ಳುತ್ತಿದ್ದವು.

ಲ್ಯಾಬ್ ಬೇಡ ಅಂದರೆ ನೆಲ್ಲಿಕಾಯಿ ಇದೆ. ಒಂದು ನೆಲ್ಲಿಕಾಯಿ ತಿಂದು ಬಾವಿ ನೀರು ಕುಡಿಯಿರಿ, ಸಕ್ಕರೆ ಹಾಕಿದಂತೆ ಸಿಹಿ. ನೀರು ಅದೇ, ಬದಲಾದದ್ದು ಬಾಯಿ. ಜ್ವರ ಬಂದಾಗ ಅದೇ ನೀರು ಕಹಿ. ಕೆಲವು ಮಾತ್ರೆ ತಿನ್ನುವವರಿಗೆ ದಿನವೂ ಹಾಗೆ. ಇಡೀ ದಿನ ತಂಬಾಕು ಸೇರಿಸಿದ ಕವಳ ಹಾಕುವವರ ಬಾಯಿಗೆ ಬರೀ ನೀರು ಹಿತವೆನಿಸದಿದ್ದರೆ ಆಶ್ಚರ್ಯವೇನಿಲ್ಲ. ಹಾಗಾಗಿ ಒಬ್ಬರು "ನೀರು ರುಚಿಯಿಲ್ಲ" ಅಂದಾಗ ಅದು ನಖರಾ ಅಂತ ತಳ್ಳಿಹಾಕಬೇಡಿ. ಅವರಿಗೆ ನಿಜಕ್ಕೂ ಹಾಗೇ ಅನ್ನಿಸುತ್ತಿರುತ್ತದೆ.

ನೀರೂ ಬದಲಾಗಿದೆ. ಗುಡ್ಡದ ಒರತೆಯಿಂದ ಅಡಿಕೆ ದಬ್ಬೆಯ ಮೇಲೆ ಹರಿದು ಮನೆ ಹಿತ್ತಿಲಿಗೆ ಬರುತ್ತಿದ್ದ ಅಬ್ಬಿ ನೀರು ಕುಡಿದು ಬೆಳೆದವರು ಈಗ ಎಷ್ಟೋ ಕಡೆ ಬೋರ್‌ವೆಲ್ ನೀರು ಕುಡಿಯಬೇಕು. ಅದರಲ್ಲಿ ಕಬ್ಬಿಣದ ಅಂಶ ಇದ್ದರೆ ಕೊಡದಲ್ಲಿ ಇಟ್ಟ ನೀರು ಸಂಜೆಗೆ ಕೆಂಪಗಾಗುತ್ತದೆ, ಬಾಯಿಗಿಟ್ಟರೆ ಮೊಳೆ ನೆಕ್ಕಿದ ಹಾಗೆ. ಪೇಟೆ ನಲ್ಲಿಯಲ್ಲಿ ಬರುವುದಕ್ಕೆ ಕ್ಲೋರಿನ್ ವಾಸನೆ. ಮಗನ ಮನೆಗೆ ಅಂತ ಬೆಂಗಳೂರಿಗೆ ಹೋದ ಅಮ್ಮಂದಿರು ಮೂರು ದಿನ ನೀರೇ ಕುಡಿಯದೆ ಕೂತಿರುತ್ತಾರೆ. ಮಗ ಇಪ್ಪತ್ತು ಲೀಟರಿನ ಕ್ಯಾನ್ ತೋರಿಸಿ "ಇದಕ್ಕಿಂತ ಶುದ್ಧ ನೀರು ಎಲ್ಲಿದ್ದು?" ಅಂತ ಕೇಳುತ್ತಾನೆ. ಶುದ್ಧವೇ ಇರಬಹುದು, ಅವರಿಗೆ ಬೇಕಾದದ್ದು ಅವರ ಬಾವಿಯ ನೀರು.

ಇಷ್ಟೇ ಆಗಿದ್ದರೆ ನಾನು ಈ ವಿಷಯ ಎತ್ತುತ್ತಿರಲಿಲ್ಲ. ಇನ್ನೂ ಎರಡು ಸಂಗತಿ ಇದೆ, ಎರಡೂ ಗಂಭೀರ.

ಮೊದಲನೆಯದು ವಯಸ್ಸು. 1984ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಸಣ್ಣ ಅಧ್ಯಯನ ಬಂತು. ಎಪ್ಪತ್ತರ ಆಸುಪಾಸಿನ ಆರೋಗ್ಯವಂತ ಗಂಡಸರನ್ನೂ ಇಪ್ಪತ್ತು ಮೂವತ್ತರ ಯುವಕರನ್ನೂ 24 ಗಂಟೆ ನೀರಿಲ್ಲದೆ ಇರಿಸಿದರು. ಹಿರಿಯರ ದೇಹಕ್ಕೂ ನೀರು ಬೇಕಿತ್ತು, ಆದರೆ ಅವರಿಗೆ ಬಾಯಾರಿಕೆಯೇ ಅಷ್ಟಾಗಿ ಅನ್ನಿಸಲಿಲ್ಲ. ಆಮೇಲೆ ನೀರು ಮುಂದಿಟ್ಟಾಗಲೂ ಯುವಕರಿಗಿಂತ ಕಡಿಮೆ ಕುಡಿದರು. ಅಂದರೆ ಅಜ್ಜಿ "ಬಾಯಾರಿಕೆ ಇಲ್ಲೆ" ಅನ್ನುವುದು ಸುಳ್ಳಲ್ಲ. ಮಿದುಳಿನಲ್ಲಿ ರಕ್ತದ ಉಪ್ಪಿನ ಸಾಂದ್ರತೆ ನೋಡುವ ಒಂದು ಜಾಗವಿದೆ, ಅದು ನೂರಕ್ಕೆ ಒಂದೆರಡು ಪಾಲು ಏರಿದರೂ ಸಾಕು, ದಾಹ ಎಬ್ಬಿಸುತ್ತದೆ. ವಯಸ್ಸಾದಂತೆ ಆ ಗಂಟೆ ಮೆಲ್ಲಗೆ ಹೊಡೆಯುತ್ತದೆ. ನಮ್ಮ ಮಳೆಗಾಲದ ಥಂಡಿಯಲ್ಲಿ ಕೇಳುವುದೇ ಇಲ್ಲ.

ಸಿದ್ದಾಪುರ ಕಡೆಯ ನಮ್ಮ ಸಂಬಂಧಿಕರ ಮನೆಯಲ್ಲಿ ಹೀಗೇ ಆಗಿತ್ತು. ಎಂಬತ್ತು ದಾಟಿದ ದೊಡ್ಡಮ್ಮ ಮಾರ್ಚ್ ತಿಂಗಳಲ್ಲಿ ಇದ್ದಕ್ಕಿದ್ದಂತೆ ಸೊಸೆಯ ಹೆಸರು ಮರೆತು ಏನೇನೋ ಮಾತಾಡತೊಡಗಿದರು. ಮರೆವಿನ ರೋಗ ಶುರುವಾಯಿತು ಅಂತ ಎಲ್ಲರೂ ಹೆದರಿದರು. ಆಸ್ಪತ್ರೆಯಲ್ಲಿ ನೋಡಿದರೆ ಮೂತ್ರದ ಸೋಂಕು, ಮೈಯಲ್ಲಿ ನೀರಿಲ್ಲ. ಎರಡು ದಿನ ಡ್ರಿಪ್ ಕೊಟ್ಟು, ಸೋಂಕಿಗೆ ಔಷಧಿ ಕೊಟ್ಟ ಮೇಲೆ ಸರಿಯಾದರು. ಆಮೇಲೆ ಸೊಸೆ ಒಂದು ಉಪಾಯ ಮಾಡಿದಳು. ನೀರು ಕುಡಿ ಅನ್ನುವುದನ್ನೇ ಬಿಟ್ಟಳು. ಎರಡು ತಾಸಿಗೊಮ್ಮೆ ಹೋಗಿ, ನೆಂಟರನ್ನು ಕೇಳುವ ಹಾಗೆ, "ದೊಡ್ಡಮ್ಮಾ, ಆಸ್ರಿಗೆ ಎಂತ ಮಾಡವು?" ಅಂತ ಕೇಳಲು ಶುರುಮಾಡಿದಳು. ಬೇಡ ಅನ್ನಲು ಬಾಯಿ ಬರಲಿಲ್ಲ ಅವರಿಗೆ. ಒಮ್ಮೆ ಜೀರಿಗೆ ನೀರು, ಒಮ್ಮೆ ತೆಳ್ಳಗಿನ ಮಜ್ಜಿಗೆ.

ಎರಡನೆಯದು ಹೆಂಗಸರ ವಿಷಯ. ಅಡಿಕೆ ಸುಗ್ಗಿಯಲ್ಲಿ ಬೇರೆಯವರ ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ ತಾಸುಗಟ್ಟಲೆ ಕೂತು ಅಡಿಕೆ ಸುಲಿಯುವವರನ್ನು ನೀರು ಯಾಕೆ ಕುಡಿಯುವುದಿಲ್ಲ ಅಂತ ಕೇಳಿ. "ಸೇರೂದಿಲ್ಲ" ಅನ್ನುತ್ತಾರೆ. ಇನ್ನೊಮ್ಮೆ ನಿಧಾನಕ್ಕೆ ಕೇಳಿದರೆ ಬೇರೆ ಉತ್ತರ ಬರುತ್ತದೆ: ಆ ಮನೆಯ ಶೌಚಾಲಯಕ್ಕೆ ಹೋಗಲು ಸಂಕೋಚ. ಯಲ್ಲಾಪುರದಿಂದ ಹುಬ್ಬಳ್ಳಿಗೆ, ಶಿರಸಿಯಿಂದ ಮಂಗಳೂರಿಗೆ ಬಸ್ ಹತ್ತುವವರು ಹಿಂದಿನ ರಾತ್ರಿಯಿಂದಲೇ ನೀರು ಬಿಡುತ್ತಾರೆ. ನಮ್ಮ ಜಿಲ್ಲೆಯವರು ದೊಡ್ಡ ಆಸ್ಪತ್ರೆಗೆ ಅಂತ ಹೋಗುವುದೂ ಅದೇ ಬಸ್ಸಿನಲ್ಲಿ ಅನ್ನುವುದನ್ನು ನೆನಪಿಡಿ. ಶಾಲೆ ಹುಡುಗಿಯರ ತುಂಬಿದ ಬಾಟಲಿಯ ಹಿಂದೆಯೂ ಎಷ್ಟೋ ಸಲ ಇದೇ ಕಾರಣ. ಕೇರಳದ ಶಾಲೆಗಳು 2019ರಲ್ಲಿ ನೀರು ಕುಡಿಯಲಿಕ್ಕೆಂದೇ ಗಂಟೆ ಹೊಡೆಯತೊಡಗಿದ್ದು ದೊಡ್ಡ ಸುದ್ದಿಯಾಯಿತು. ಒಳ್ಳೆಯದೇ. ಆದರೆ ಚಿಲಕವಿಲ್ಲದ ಶೌಚಾಲಯ ಇಟ್ಟುಕೊಂಡು ಗಂಟೆ ಹೊಡೆದು ಏನು ಪ್ರಯೋಜನ?

ಇದರ ಬೆಲೆ ಎಷ್ಟು ಅಂತ ಒಂದು ಅಧ್ಯಯನ ತೋರಿಸುತ್ತದೆ. 2018ರಲ್ಲಿ ಪ್ರಕಟವಾದದ್ದು, ನಡೆದದ್ದು ಬಲ್ಗೇರಿಯಾದಲ್ಲಿ. ಪದೇಪದೇ ಮೂತ್ರದ ಸೋಂಕಾಗುವ, ಕಡಿಮೆ ನೀರು ಕುಡಿಯುವ 140 ಹೆಂಗಸರು. ಅರ್ಧದಷ್ಟು ಜನರಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಯಲು ಹೇಳಿದರು. ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕಾಯಿತು, ಉಳಿದವರಿಗೆ 3.2 ಸಲ. ಹೆಚ್ಚುಕಡಿಮೆ ಅರ್ಧ. ಕಿಡ್ನಿ ಕಲ್ಲು ಆದವರಿಗೂ ವೈದ್ಯರು ಮೊದಲು ಹೇಳುವುದು ನೀರನ್ನೇ.

ಹಾಗಾದರೆ ನೀರು ಸೇರದವರಿಗೆ ಏನು ಕೊಡಬೇಕು? ಕೆನಡಾದಲ್ಲಿ 1996ರಲ್ಲಿ ಒಂಬತ್ತರಿಂದ ಹನ್ನೆರಡು ವರ್ಷದ ಹುಡುಗರನ್ನು ಬಿಸಿ ಕೋಣೆಯಲ್ಲಿ ಸೈಕಲ್ ತುಳಿಸಿ ನೋಡಿದ್ದರು. ಬರೀ ನೀರಿಟ್ಟಾಗ ಕುಡಿದದ್ದಕ್ಕಿಂತ, ಸ್ವಲ್ಪ ರುಚಿ ಸೇರಿಸಿದಾಗ ಸುಮಾರು ಒಂದೂವರೆ ಪಟ್ಟು ಕುಡಿದರು. ಅದಕ್ಕೆ ಉಪ್ಪು, ಸಕ್ಕರೆಯೂ ಸೇರಿದಾಗ ಹತ್ತಿರ ಹತ್ತಿರ ಎರಡು ಪಟ್ಟು. ಅಪ್ಪೆಹುಳಿ ಮಾಡಿದವರಿಗೆ, ಮಜ್ಜಿಗೆಗೆ ಉಪ್ಪು ಹಾಕಿ ತೋಟಕ್ಕೆ ಒಯ್ದವರಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಆದರೆ ಹಳೆಯದೆಲ್ಲ ಅಮೃತ ಅಂತ ನಾನು ಹೇಳುತ್ತಿಲ್ಲ. ಬೆಲ್ಲವೂ ಸಕ್ಕರೆಯೇ, ಸಕ್ಕರೆ ಕಾಯಿಲೆ ಇದ್ದವರಿಗೆ ದಿನಕ್ಕೆ ಮೂರು ಸಲ ಸಿಹಿ ಕಷಾಯ ಕೊಟ್ಟರೆ ಉಪಕಾರಕ್ಕಿಂತ ಅಪಕಾರ. ಬಿಪಿ ಇದ್ದವರಿಗೆ ಅಪ್ಪೆಹುಳಿಯ ಉಪ್ಪು ಕಡಿಮೆ ಮಾಡಬೇಕು. ಹೃದಯ ಅಥವಾ ಕಿಡ್ನಿ ತೊಂದರೆಗೆ ವೈದ್ಯರು ನೀರಿಗೆ ಮಿತಿ ಹಾಕಿದ್ದರೆ ಆ ಮಿತಿಯೇ ಕೊನೆ ಮಾತು, ಅಲ್ಲಿ ಮಜ್ಜಿಗೆಯೂ ಲೆಕ್ಕಕ್ಕೆ ಬರುತ್ತದೆ. ಇನ್ನು ಆಸರಿಗೆ ಅಂತ ಫ್ರಿಜ್ಜಿನಿಂದ ಬಣ್ಣದ ಬಾಟಲಿ ತೆಗೆದು ಬಗ್ಗಿಸುವುದು ಈಗ ಹಳ್ಳಿಮನೆಗಳಲ್ಲೂ ಶುರುವಾಗಿದೆ. ನನ್ನ ಪ್ರಕಾರ ಅದಕ್ಕಿಂತ ಚಾ ಮೇಲು, ಸಕ್ಕರೆ ಕಡಿಮೆ ಹಾಕಿದರೆ.

ಎಷ್ಟು ಕುಡಿದರೆ ಸಾಕು ಅಂತ ಲೋಟ ಎಣಿಸಬೇಡಿ. ಮೂತ್ರದ ಬಣ್ಣ ನೋಡಿ. ತೆಳು ಹಳದಿ ಇದ್ದರೆ ಸಾಕಷ್ಟು ಕುಡಿದಿದ್ದೀರಿ, ಕಡು ಹಳದಿಯಾದರೆ ಸಾಲದು. ಬಿಸಿ ನೀರಿಗೆ ನಾಲ್ಕು ಕಾಳು ಜೀರಿಗೆ, ಒಂದು ತುಂಡು ಲಾವಂಚದ ಬೇರು, ಅಥವಾ ಒಣಗಿಸಿಟ್ಟ ಮುರುಗಲ ಸಿಪ್ಪೆ ಎರಡು. ಸಿಹಿ ಬೇಡ. ಮಣ್ಣಿನ ಹೂಜಿ ಇದ್ದರೆ ತಣ್ಣಗಾದ ಮೇಲೆ ಅದಕ್ಕೆ ಹಾಕಿಡಿ. ಮತ್ತೆ, ಅಡಿಕೆ ಸುಲಿಯಲಿಕ್ಕೆ ಜನ ಕರೆಯುವ ಮನೆಯವರು ನೀವಾಗಿದ್ದರೆ, ಬೆಳಿಗ್ಗೆ ಅವರು ಬಂದ ಕೂಡಲೇ ಶೌಚಾಲಯ ಎಲ್ಲಿದೆ ಅಂತ ತೋರಿಸಿಬಿಡಿ, ಅವರು ಕೇಳುವವರೆಗೆ ಕಾಯಬೇಡಿ. ನೀರಿನ ಕೊಡವನ್ನು ಆಮೇಲೆ ತಂದಿಟ್ಟರಾಯಿತು.