ಪಡಸಾಲೆ ಯಾರದು: ಬೀಗರದೋ, ಮಕ್ಕಳದೋ?



ಹಾವೇರಿ ಸೀಮೆಯಲ್ಲಿ ಹೆಣ್ಣು ಕೊಡುವವರು ಗಂಡಿನ ಮನೆ ನೋಡಿಕೊಂಡು ಬಂದರೆ ಊರಲ್ಲಿ ಉಳಿದ ಹಿರಿಯರು ಹೊಲದ ವಿಚಾರ ಕೇಳುತ್ತಿದ್ದರು. ಅದರ ಹಿಂದೆಯೇ ಬರುತ್ತಿದ್ದ ಪ್ರಶ್ನೆ, 'ಮನಿ ಎಷ್ಟ ಅಂಕಣದ್ದೈತಿ?' ಚದರ ಅಡಿಯ ಲೆಕ್ಕ ಆಗ ಯಾರಿಗೂ ಬೇಕಿರಲಿಲ್ಲ. ಎರಡು ಸಾಲು ಕಂಬಗಳ ನಡುವೆ ತೊಲೆ ಹೊತ್ತು ನಿಲ್ಲುವಷ್ಟು ಜಾಗವೇ ಒಂದು ಅಂಕಣ. ಮರ ಎಷ್ಟು ಉದ್ದ ಸಿಕ್ಕಿತೋ ಅಂಕಣ ಅಷ್ಟು ಅಗಲ. ಮೂರು ಅಂಕಣದ ಮನೆ ಬಡವನದು, ಐದೋ ಏಳೋ ಅಂಕಣದ್ದು ಉಂಡುಟ್ಟು ನೆಮ್ಮದಿಯಾಗಿರುವ ಒಕ್ಕಲಿನದು, ಅದಕ್ಕೂ ಮೇಲಿನದು ಗೌಡರ ಇಲ್ಲವೆ ದೇಸಾಯರ ವಾಡೆ. ಪತ್ರಿಕೆಯ ಅಂಕಣಕ್ಕೂ ಇದೇ ಹೆಸರು. ಎರಡು ಗೆರೆಗಳ ನಡುವಿನ ಜಾಗ ಎಂದು ನೋಡಿದರೆ ಹೋಲಿಕೆ ತಪ್ಪಲ್ಲ.

ಈ ಅಂಕಣಗಳಲ್ಲಿ ಯಾರು ಎಲ್ಲಿ ಕೂಡಬೇಕು, ಎಲ್ಲಿ ಮಲಗಬೇಕು, ಬಂದವರಿಗೆ ಯಾವ ಜಾಗ, ಮನೆಯ ಕೂಸುಗಳಿಗೆ ಯಾವುದು ಎಂಬುದು ಬರೆದಿಡದೆಯೇ ಎಲ್ಲರಿಗೂ ಗೊತ್ತಿದ್ದ ವ್ಯವಸ್ಥೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಹಳೆಯ ಓಣಿಗಳಲ್ಲಿ ಅದರ ಕುರುಹು ಇನ್ನೂ ಅಲ್ಲಲ್ಲಿ ಉಳಿದಿದೆ. 1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆಯಾಯಿತು. ಆದರೆ ಮನೆ ಕಟ್ಟುವ ರೀತಿಗೆ ಜಿಲ್ಲೆಯ ಗಡಿ ಇಲ್ಲ. ಮಳೆ, ಮಣ್ಣುಗಳ ಗಡಿ ಮಾತ್ರ ಇದೆ. ಪಡುವಣದ ಹಾನಗಲ್ಲ ಕಡೆ ಮಳೆ ಹೆಚ್ಚು, ಅಲ್ಲಿ ಹಂಚಿನ ಮನೆ. ಮೂಡಣದ ಎರೆಹೊಲಗಳ ಕಡೆ ಸರಿದಂತೆ ಮಣ್ಣಿನ ಮಾಳಿಗೆ. ಈ ಮೂರು ಊರುಗಳು ಎರಡರ ನಡುವೆ ಇರುವುದರಿಂದ ಇಲ್ಲಿ ಎರಡೂ ಬಗೆಯ ಮನೆಗಳು ಒಂದರ ಪಕ್ಕ ಒಂದು ನಿಂತಿವೆ.

ಒಕ್ಕಲು ಮನೆಯೊಂದನ್ನು ಬೀದಿಯಿಂದ ಒಳಕ್ಕೆ ನಡೆದು ನೋಡಬೇಕು. ಮೊದಲಿಗೆ ಬಾಗಿಲ ಎರಡೂ ಕಡೆ ಕಟ್ಟೆ. ದಾರಿಹೋಕ ದಣಿವಾರಿಸಿಕೊಳ್ಳುವುದು, ಬಳೆಗಾರ ತನ್ನ ಗಂಟು ಇಳಿಸುವುದು, ಮುದುಕರು ಸಂಜೆ ಕಳೆಯುವುದು ಇದರ ಮೇಲೆಯೇ. ಬಾಗಿಲು ದಾಟಿದರೆ ತಗ್ಗಿನಲ್ಲಿ ದನದ ಹಕ್ಕೆ, ಗೋದಲಿ. ಅಲ್ಲಿಂದ ಎರಡೋ ಮೂರೋ ಅಡಿ ಎತ್ತರಕ್ಕೆ ಪಡಸಾಲೆ. ದನ ತಗ್ಗಿನಲ್ಲಿ, ಜನ ಎತ್ತರದಲ್ಲಿ, ಸೂರು ಮಾತ್ರ ಒಂದೇ. ಪಡಸಾಲೆಯ ಹಿಂದೆ ಅಡಿಗೆಮನೆ, ದೇವರ ಜಗಲಿ, ಕಾಳು ತುಂಬಿದ ಅಡಕಲು ಗಡಿಗೆಗಳ ಕತ್ತಲೆ ಕೋಣೆ. ಅದರಾಚೆ ಬಚ್ಚಲು, ಹಿತ್ತಲು. ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ ಬೀಳುವ ಬಿಸಿಲಿನ ತುಂಡು ನೆಲದ ಮೇಲೆ ಸರಿಯುವುದನ್ನು ನೋಡಿಯೇ ಹೊತ್ತು ಎಷ್ಟಾಯಿತೆಂದು ಹೇಳುತ್ತಿದ್ದರು.

ಬೀಗರು ಬಂದರೆಂದರೆ ಮೊದಲು ಕಾಲಿಗೆ ನೀರು. ಆಮೇಲೆ ಪಡಸಾಲೆಯ ಗೋಡೆಗೆ ಹೊಂದಿಸಿ ಕಂಬಳಿಯೋ ಜಮಖಾನೆಯೋ ಹಾಸುವುದು, ಕುಡಿಯಲು ತಂಬಿಗೆ ತುಂಬ ನೀರು, ಜೊತೆಗೆ ಬೆಲ್ಲದ ತುಣುಕು. ಬೀಗರ ಬೆನ್ನು ಗೋಡೆಗೆ, ಮುಖ ಬಾಗಿಲಿಗೆ. ಓಣಿಯಲ್ಲಿ ಹೋಗಿ ಬರುವವರೆಲ್ಲ ಅವರಿಗೆ ಕಾಣಬೇಕು, ಅವರೂ ಓಣಿಯವರಿಗೆ ಕಾಣಬೇಕು. 'ಯಾವಾಗ ಬಂದ್ರಿ ಮಾವಾರ?' ಎಂದು ಬೀದಿಯಿಂದಲೇ ಕೇಳಿದವನಿಗೆ ಒಳಗೆ ಬಂದು ಕೂಡದೆ ಗತ್ಯಂತರವಿಲ್ಲ. ಹೀಗೆ ಒಬ್ಬರ ಮನೆಗೆ ಬಂದ ಬೀಗರು ಓಣಿಗೆಲ್ಲ ಬೀಗರಾಗುತ್ತಿದ್ದರು.

ಇದನ್ನೆಲ್ಲ ಹೇಳುವಾಗ ಹಳೆಯದೆಲ್ಲ ಬಂಗಾರವೆಂಬ ಭ್ರಮೆ ಬೇಡ. ಕಟ್ಟೆ ಎಲ್ಲರಿಗೂ ಕಟ್ಟೆಯಾಗಿರಲಿಲ್ಲ. ಜಾತಿಯ ಕಾರಣಕ್ಕೆ ಕೆಲವರು ಕಟ್ಟೆಯಿಂದ ಕೆಳಗೆ ನಿಲ್ಲಬೇಕಿತ್ತು. ಪಡಸಾಲೆಯ ಹೊಸ್ತಿಲು ದಾಟುವ ಮಾತು ದೂರವೇ ಉಳಿಯಿತು. ಮನೆಯ ಸೊಸೆಯೂ ಗಂಡಸರು ಕುಳಿತಿರುವಾಗ ಪಡಸಾಲೆಗೆ ಬಂದು ಕೂಡುವಂತಿರಲಿಲ್ಲ. ಅವಳ ಜಾಗ ಬಾಗಿಲ ಮರೆ. ಬಾಣಂತಿಗೆ ಸಿಗುತ್ತಿದ್ದುದು ಹೊಗೆ ತುಂಬಿದ, ಗಾಳಿಯಿಲ್ಲದ ಕೋಣೆ. ಮನೆಯ ಅತ್ಯುತ್ತಮ ಅಂಕಣ ಬಂದವರಿಗೆ, ಅತಿ ಕತ್ತಲೆಯ ಅಂಕಣ ಹೆತ್ತವಳಿಗೆ ಎಂಬ ಈ ಹಂಚಿಕೆಯನ್ನು ಯಾವ ಅತಿಥಿ ಸತ್ಕಾರದ ಹೆಸರಿನಲ್ಲಿಯೂ ಸಮರ್ಥಿಸಲಾಗದು.

ಇನ್ನು ಮನೆಯ ಸಾಮಾನಿನ ವಿಚಾರ. ಕುರ್ಚಿ, ಮೇಜು, ಕಪಾಟು ಎಂದು ಪಟ್ಟಿ ಮಾಡಹೊರಟರೆ ಹಳೆಯ ಮನೆಯಲ್ಲಿ ಏನೂ ಇರಲಿಲ್ಲ ಎನ್ನಬೇಕಾದೀತು. ಇದ್ದುದೆಲ್ಲ ಸುತ್ತಿಡುವ, ಮಡಚಿಡುವ, ತೂಗುಹಾಕುವ ಸಾಮಾನು. ಹಾಸಿಗೆಯ ಸುರುಳಿ ಮೂಲೆಗೆ, ಬಟ್ಟೆ ಗೋಡೆಯ ಗೂಟಕ್ಕೆ, ಬೆಣ್ಣೆಯ ಗಡಿಗೆ ನೆಲುವಿಗೆ, ದೀಪ ಗೋಡೆಯ ಮಾಡಕ್ಕೆ. ಹಗಲಿನಲ್ಲಿ ಪಡಸಾಲೆ ಬರಿದಾಗಿರುತ್ತಿತ್ತು. ಅಲ್ಲಿ ಸೇಂಗಾ ಸುಲಿಯಬಹುದು, ಹತ್ತಿ ಬಿಡಿಸಬಹುದು, ಪಂಚಾಯ್ತಿ ಕೂಡಿಸಬಹುದು, ಹತ್ತು ಜನರಿಗೆ ಪಂಕ್ತಿ ಹಾಕಬಹುದು. ರಾತ್ರಿ ಅದೇ ಮಲಗುವ ಮನೆ.

ಕಂಬಳಿಯ ಮಾತು ಬಂದಾಗ ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯ ಹೆಸರು ಬರಲೇಬೇಕು. ಅಲ್ಲಿಯ ಕುರುಬ ಮನೆತನಗಳು ದಖ್ಖನಿ ಕುರಿಯ ಉಣ್ಣೆಯಿಂದ ನೇಯುವ ಕರಿ ಕಂಬಳಿ ಸುತ್ತಣ ಸೀಮೆಗೆಲ್ಲ ಪರಿಚಿತ. ಉಣ್ಣೆಯ ನೂಲಿಗೆ ಹುಣಸೆ ಬೀಜದ ಅಂಟು ಕುಡಿಸುತ್ತಾರೆ. ಹೊಸದರಲ್ಲಿ ಕಂಬಳಿ ಬಿರುಸಾಗಿರುವುದಕ್ಕೂ, ಮಳೆಯ ಹನಿ ಸುಲಭಕ್ಕೆ ಒಳಗೆ ಇಳಿಯದಿರುವುದಕ್ಕೂ ಈ ಅಂಟೂ ಒಂದು ಕಾರಣ. ಹೊದ್ದರೆ ಹೊದಿಕೆ, ಹಾಸಿದರೆ ಗದ್ದುಗೆ, ಮಳೆ ಬಂದರೆ ಕೊಪ್ಪೆ. ಹಿರಿಯರಿಗೆ, ಜಂಗಮರಿಗೆ ಕಂಬಳಿ ಹಾಸಿ ಕೂಡಿಸುವುದು ಮರ್ಯಾದೆಯ ರೀತಿ. ದಖ್ಖನಿ ಕುರಿಯ ಬದಲು ಮಾಂಸಕ್ಕೆಂದು ಉಣ್ಣೆ ಕಡಿಮೆಯಿರುವ ತಳಿಗಳನ್ನು ಸಾಕುವುದು ಹೆಚ್ಚಾದ ಮೇಲೆ, ಗಿರಣಿಯ ಅಗ್ಗದ ಹೊದಿಕೆ ಸಂತೆಗೆ ಬಂದ ಮೇಲೆ, ಈ ಕಸುಬು ಇಳಿಮುಖವಾಗಿದೆ. ಉಳ್ಳವರ ಮನೆಯಲ್ಲಿ ನವಲಗುಂದದ ಜಮಖಾನೆ ಇರುತ್ತಿತ್ತು. ಇಂದು ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿರುವ ಆ ಜಮಖಾನೆಗಳ ಮೇಲಿನ ನವಿಲು, ಪಗಡೆಯ ಚಿತ್ರಗಳು ಹೆಂಗಸರ ಕೈಯಲ್ಲಿ ಮೂಡಿದವು.

ಕೌದಿಯ ಕತೆ ಬೇರೆ. ಅದು ಕೊಳ್ಳುವ ಸಾಮಾನಲ್ಲ, ಮನೆಯಲ್ಲಿಯೇ ಆಗಬೇಕು. ಅಜ್ಜಿಯ ಹಳೆಯ ಸೀರೆ, ಅಪ್ಪನ ಹರಿದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ, ಎಲ್ಲವನ್ನೂ ಪದರು ಪದರಾಗಿ ಹರಡಿ ಅಂಚಿನಿಂದ ನಡುವಿನವರೆಗೆ ಸಾಲುಹೊಲಿಗೆ ಹಾಕುತ್ತ ಬರುತ್ತಾರೆ. ಹೊಲಿಯುವುದು ಬೇಸಿಗೆಯ ಮಧ್ಯಾಹ್ನಗಳಲ್ಲಿ, ನಾಲ್ಕಾರು ಹೆಂಗಸರು ಸುತ್ತ ಕುಳಿತು. ಬೀಗರಿಗೆ ಹೊಸ ಕೌದಿ, ಮನೆಯವರಿಗೆ ಹಳೆಯದು, ಹಸುಗೂಸಿಗೆ ಎಲ್ಲಕ್ಕಿಂತ ಹಳೆಯದು. ಕೊನೆಯದು ಬಡತನದಿಂದಲ್ಲ. ಎಷ್ಟೋ ಸಲ ಒಗೆದು ಮೆತ್ತಗಾದ ಅರಿವೆಯೇ ಕೂಸಿನ ಮೈಗೆ ಹಿತ ಎಂಬ ಅನುಭವದಿಂದ.

ಹಾಗಾದರೆ ಮಕ್ಕಳ ಕೋಣೆ ಎಲ್ಲಿತ್ತು? ಇರಲೇ ಇಲ್ಲ. ಮಕ್ಕಳಿಗೆಂದು ಪ್ರತ್ಯೇಕ ಜಾಗವಿರಲಿಲ್ಲ, ಆದ್ದರಿಂದ ಮಕ್ಕಳು ಹೋಗಬಾರದ ಜಾಗವೂ ಹೆಚ್ಚು ಇರಲಿಲ್ಲ. ಅವರಿಗೆ ಮೀಸಲಾದ ದೊಡ್ಡ ಸಾಮಾನೆಂದರೆ ತೊಟ್ಟಿಲೊಂದೇ. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು ಈ ಭಾಗದಲ್ಲೆಲ್ಲ ಹೆಸರಾದದ್ದು. ಸಾಗವಾನಿಯ ಹಲಗೆಗೆ ಅರಗಿನ ಬಣ್ಣ ಹಾಕಿ ಪುರಾಣದ ಚಿತ್ರ ಬರೆಯುವ ಈ ತೊಟ್ಟಿಲು ತವರಿನಿಂದ ಬರುವುದು ರೂಢಿ. ಅದಿಲ್ಲದವರಿಗೆ ಸೀರೆಯ ಜೋಲಿ. ಎರಡೂ ತೂಗುವುದು ಪಡಸಾಲೆಯ ತೊಲೆಗೆ. ಅಡಿಗೆಮನೆಯಿಂದ ತಾಯಿಗೆ, ಕಟ್ಟೆಯಿಂದ ಅಜ್ಜನಿಗೆ, ಇಬ್ಬರಿಗೂ ಕೂಸಿನ ದನಿ ಕೇಳುವ ಜಾಗ ಅದು. ಬೀಗರು ಕುಳಿತಲ್ಲಿಂದಲೇ ಹಗ್ಗ ಹಿಡಿದು ತೂಗುತ್ತ ಮಾತನಾಡುತ್ತಿದ್ದರು. ಪಡಸಾಲೆ ಬೀಗರದೋ ಮಕ್ಕಳದೋ ಎಂಬ ಪ್ರಶ್ನೆ ಆಗ ಏಳುತ್ತಿರಲಿಲ್ಲ.

ಈಗ ಏಳುತ್ತಿದೆ. ಹೇಗೆಂದು ನೋಡಬೇಕಾದರೆ ಬದಲಾದ ಮನೆಯನ್ನು ನೋಡಬೇಕು.

ಬದಲಾವಣೆ ಒಮ್ಮೆಲೇ ಬಂದುದಲ್ಲ. ಟ್ರ್ಯಾಕ್ಟರ್ ಬಂದು ಎತ್ತು ಕಡಿಮೆಯಾದಂತೆ ಹಕ್ಕೆ ಖಾಲಿಯಾಯಿತು. ಅಲ್ಲಿ ಮೋಟರ್ ಸೈಕಲ್ ನಿಂತಿತು. ಮಾಳಿಗೆಗೆ ವರ್ಷವರ್ಷ ಮಣ್ಣು ಹಾಕುವ ಆಳು ಸಿಗದಾದರು. ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆಯಿಂದ ಕೈಗೆ ನಗದು ಬಂದವರು ಆರ್.ಸಿ.ಸಿ. ಮನೆ ಕಟ್ಟಿಸಿದರು. ಮಣ್ಣಿನ ಗೋಡೆಗೆ ದೊಡ್ಡ ಪೆಟ್ಟು ಬಿದ್ದುದು 2019ರ ಆಗಸ್ಟಿನ ಮಳೆ ಮತ್ತು ನೆರೆಯಲ್ಲಿ. ವರದಾ, ತುಂಗಭದ್ರಾ ತೀರದ ಹಳ್ಳಿಗಳಲ್ಲಿ ನೆನೆದ ಗೋಡೆಗಳು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಆ ದುಡ್ಡಿನಲ್ಲಿ ಎರಡಡಿ ದಪ್ಪದ ಮಣ್ಣುಗೋಡೆಯನ್ನಾಗಲಿ, ಮರದ ತೊಲೆಗಳನ್ನಾಗಲಿ ಮತ್ತೆ ನಿಲ್ಲಿಸುವ ಮಾತೇ ಇರಲಿಲ್ಲ. ಎದ್ದದ್ದು ಸಿಮೆಂಟಿನ ಪುಟ್ಟ ಮನೆಗಳು.

ಎಷ್ಟು ಪುಟ್ಟ? 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್. ಅದರ ಹಿಂದಿನ ಇಂದಿರಾ ಆವಾಸ್ ಮನೆಗೆ 20 ಇತ್ತು. 25 ಚದರ ಮೀಟರ್ ಎಂದರೆ ಸುಮಾರು 270 ಚದರ ಅಡಿ, ಅಡಿಗೆಯ ಜಾಗವೂ ಸೇರಿ. ಇದರಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು, ಒಬ್ಬ ಅಜ್ಜಿ ಇರಬೇಕು. ಬೀಗರೂ ಬರಬೇಕು. ಹೀಗಿರುವಾಗ ಮೂರು ಜನ ಕೂಡುವ ಒಂದು ಸೋಫಾ, ಒಬ್ಬೊಬ್ಬರದು ಎರಡು, ನಡುವೊಂದು ಟೀಪಾಯಿ ತಂದಿಟ್ಟರೆ 40 ಚದರ ಅಡಿ ಅಲ್ಲಿಗೇ ಹೋಯಿತು. ನಡೆದಾಡುವ ದಾರಿ ಬೇರೆ. ಮಗಳ ಮದುವೆಗೆ ಸೋಫಾ, ಟ್ರೆಜರಿ, ಡ್ರೆಸ್ಸಿಂಗ್ ಟೇಬಲ್ ಕೊಡಲೇಬೇಕೆಂಬ ಪದ್ಧತಿ ಬೇರು ಬಿಟ್ಟಿರುವುದರಿಂದ ಈ ಸಾಮಾನು ಕೊಳ್ಳದಿದ್ದರೂ ಮನೆಗೆ ಬಂದು ಸೇರುತ್ತದೆ. ಸೋಫಾಕ್ಕೆ ಹೊದಿಸಿದ ಪ್ಲಾಸ್ಟಿಕ್ ಹಾಳೆಯನ್ನು ತಿಂಗಳುಗಟ್ಟಲೆ ತೆಗೆಯುವುದಿಲ್ಲ. ಹುಡುಗರು ಹತ್ತಿದರೆ 'ಇಳಿ ಕೆಳಗ, ಹೊಲಸಾಕ್ಕೈತಿ' ಎಂಬ ಗದರಿಕೆ. ವರ್ಷಕ್ಕೆ ನಾಲ್ಕು ಸಲ ಬಂದು ಒಂದು ತಾಸು ಕುಳಿತು ಹೋಗುವವರಿಗಾಗಿ ಮನೆಯ ದೊಡ್ಡ ಜಾಗ ಕಾದಿರುತ್ತದೆ. ನಿತ್ಯ ಅಲ್ಲೇ ಬೆಳೆಯುವ ಮಗು ಪುಸ್ತಕ ಹಿಡಿದು ಅಡಿಗೆಕಟ್ಟೆಯ ಕೆಳಗೆ ಕೂಡುತ್ತದೆ.

ಟಿ.ವಿ. ಬಂದ ಮೇಲೆ ಕೂಡುವ ದಿಕ್ಕೂ ಬದಲಾಯಿತು. ಬಾಗಿಲಿಗೆ ಮುಖ ಮಾಡಿ ಕೂಡುತ್ತಿದ್ದ ಬೀಗರು ಈಗ ಗೋಡೆಗೆ ಮುಖ ಮಾಡಿ ಕೂಡುತ್ತಾರೆ. ಶೋಕೇಸಿನ ಗಾಜಿನ ಹಿಂದೆ ಗೊಂಬೆಗಳಿವೆ, ಅವು ಆಡಲಿಕ್ಕಲ್ಲ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ನಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ಉತ್ತರ ಕರ್ನಾಟಕದ ಹಳ್ಳಿಯ ಬಾಳನ್ನು ಆಳೆತ್ತರದ ಶಿಲ್ಪಗಳಲ್ಲಿ ನಿಲ್ಲಿಸಿದ್ದಾರೆ. ಶಾಲೆಯ ಹುಡುಗರು ಅಲ್ಲಿ ಟಿಕೆಟ್ ಕೊಟ್ಟು ಒಳಹೋಗಿ ಅಜ್ಜನ ಮನೆಯಲ್ಲಿದ್ದುದನ್ನೇ ಬೆರಗಿನಿಂದ ನೋಡುತ್ತಾರೆ.

ಬ್ಯಾಡಗಿಯ ಮಾತನ್ನು ಬೇರೆಯಾಗಿಯೇ ಹೇಳಬೇಕು. ಅಲ್ಲಿ ಮೆಣಸಿನಕಾಯಿಯೇ ದೊಡ್ಡ ಬೀಗ. ಖಾರ ಕಡಿಮೆ, ಕೆಂಪು ಹೆಚ್ಚು ಎಂದು ಹೆಸರಾಗಿ 2011ರಲ್ಲಿ ಭೌಗೋಳಿಕ ಗುರುತು ಪಡೆದ ಕಾಯಿ ಅದು. ಸುಗ್ಗಿಯಲ್ಲಿ ಸೋಮವಾರ, ಗುರುವಾರದ ಪೇಟೆಗೆ ಬಳ್ಳಾರಿ, ರಾಯಚೂರು ಕಡೆಗಳಿಂದ, ಆಂಧ್ರದಿಂದ ಲಾರಿಗಳು ಬರುತ್ತವೆ. ಹಿಂದಿನ ರಾತ್ರಿಯೇ ಬಂದ ರೈತರಿಗೆ ದಲಾಲರ ಅಂಗಡಿಯೇ ಬಿಡಾರ. ಅಂಗಡಿಯ ಒಳಗೆ ಗಾದಿ, ಲೋಡು, ಹೊರಗೆ ಚೀಲದ ಸಾಲು. ಈ ಅತಿಥಿ ವ್ಯವಸ್ಥೆ ಪೇಟೆಯಷ್ಟೇ ಹಳೆಯದು. ಮಕ್ಕಳ ವ್ಯವಸ್ಥೆಯ ವಿಚಾರದಲ್ಲಿ ಇದೇ ಮಾತು ಹೇಳುವಂತಿಲ್ಲ. ಕಾಯಿಯ ತೊಟ್ಟು ಬಿಡಿಸಿ ವಿಂಗಡಿಸುವವರು ಹೆಂಗಸರು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದವರು ಕೂಸನ್ನು ಕಟ್ಟಿಕೊಂಡೇ ಬರುತ್ತಾರೆ. ಖಾರ ಕಡಿಮೆಯಾದರೂ ಧೂಳಿನ ಘಾಟು ಕಡಿಮೆಯಲ್ಲ. ದೊಡ್ಡವರೇ ಮೂಗಿಗೆ ಸೆರಗು ಕಟ್ಟಿಕೊಳ್ಳುವಲ್ಲಿ ಮಕ್ಕಳ ಕಣ್ಣು, ಎದೆ ಏನಾಗಬೇಕು? ಅದೇ ಕೈಯಿಂದ ಹಾಲೂಡಿಸಬೇಕು, ಕಣ್ಣೊರೆಸಬೇಕು.

ರಾಜ್ಯ ಸರ್ಕಾರ 2023ರ ಜುಲೈ ತಿಂಗಳ ಮುಂಗಡಪತ್ರದಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಪ್ರಕಟಿಸಿತು. ಹೆಸರೂ ಚೆಂದ, ಕೆಲಸವೂ ಚೆಂದ. ಆದರೆ ಅದನ್ನು ರೂಪಿಸಿದ್ದು ಉದ್ಯೋಗ ಖಾತರಿ ಕೂಲಿಕಾರರ ಮಕ್ಕಳನ್ನು ಮುಂದಿಟ್ಟುಕೊಂಡು, ಹಳ್ಳಿಗಳಿಗಾಗಿ. ಪಟ್ಟಣದ ಪೇಟೆಯಲ್ಲಿ ಖಾಸಗಿ ವ್ಯಾಪಾರಿಗೆ ತೊಟ್ಟು ಬಿಡಿಸುವ ತಾಯಿ ಆ ಲೆಕ್ಕದ ಹೊರಗೆ ಉಳಿಯುತ್ತಾಳೆ. ಧೂಳು ಬಾರದಷ್ಟು ದೂರದಲ್ಲಿ ಒಂದು ಕೋಣೆ, ಕೈ ತೊಳೆಯಲು ನಲ್ಲಿ, ನಾಲ್ಕು ಜೋಲಿ ಕಟ್ಟಲು ಜಾಗ, ನೋಡಿಕೊಳ್ಳಲು ಇಬ್ಬರು ಹೆಂಗಸರು, ಇಷ್ಟನ್ನು ಪೇಟೆಯಲ್ಲಿ ಒದಗಿಸುವುದು ಅಲ್ಲಿಯ ವಹಿವಾಟಿನ ಎದುರು ದೊಡ್ಡ ಖರ್ಚೇನಲ್ಲ.

ಮನೆಯ ಮಾತಿಗೆ ಮರಳಿದರೆ, 270 ಚದರ ಅಡಿಯಲ್ಲಿ ಹಳೆಯ ಪಡಸಾಲೆ ಬರಲಾರದು. ಬರಬೇಕಾಗಿಯೂ ಇಲ್ಲ. ಆದರೆ ಅದರ ಜಾಣತನದ ಕೆಲವು ಅಂಶ ಸಿಮೆಂಟಿಗೂ ಒಗ್ಗುತ್ತದೆ. ಸೋಫಾದ ಬದಲು ಗೋಡೆಯುದ್ದಕ್ಕೂ ಒಂದೂವರೆ ಅಡಿ ಎತ್ತರ, ಎರಡೂವರೆ ಅಡಿ ಅಗಲದ ಕಟ್ಟೆ ಕಟ್ಟಿಸಿದರೆ ಹಗಲು ಐದಾರು ಜನ ಕೂಡಬಹುದು, ರಾತ್ರಿ ಒಬ್ಬರು ಮಲಗಬಹುದು, ಕೆಳಗೆ ಪೊಳ್ಳು ಬಿಟ್ಟರೆ ಹಾಸಿಗೆ ತುರುಕಬಹುದು. ಮಕ್ಕಳು ಹತ್ತಿ ಕುಣಿದರೂ ಅದು ಹರಿಯುವುದಿಲ್ಲ. ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ ಒಂದು ಮಾಡ ಬಿಡಿಸಿದರೆ ಅದರ ಪಾಟಿ, ಪುಸ್ತಕಕ್ಕೆ ಸ್ವಂತ ಜಾಗವಾಯಿತು. ಕಿಟಕಿಯ ಕೆಳಗೆ ಮಡಚುವ ಹಲಗೆ ಜೋಡಿಸಿದರೆ ಓದುವ ಮೇಜು.

ಗೋಡೆ ಎದ್ದ ಮೇಲೂ ಇವನ್ನು ಮಾಡಿಸಬಹುದು. ತೊಟ್ಟಿಲ ಕೊಂಡಿಯದು ಮಾತ್ರ ಹಾಗಲ್ಲ. ತೊಲೆಯಿಲ್ಲದ ಮನೆಯಲ್ಲಿ ತೊಟ್ಟಿಲು ಎಲ್ಲಿ ಕಟ್ಟಬೇಕೆಂಬುದು ಕೂಸು ಹುಟ್ಟಿದ ಮೇಲೆ ನೆನಪಾಗುತ್ತದೆ. ಆಗ ಸ್ಲ್ಯಾಬಿಗೆ ತೂತು ಕೊರೆದು ಮೊಳೆಬೋಲ್ಟು ಹಾಕಿಸುತ್ತಾರೆ, ತೂಗಿದಂತೆಲ್ಲ ಅದು ಸಡಿಲಾಗುವ ಭಯ ಬೇರೆ. ಸ್ಲ್ಯಾಬಿನ ಕಬ್ಬಿಣ ಕಟ್ಟುವ ದಿನವೇ ಸರಳಿನ ಎರಡು ತುಂಡನ್ನು ಬಾಗಿಸಿ ಒಳಗಿನ ಕಬ್ಬಿಣಕ್ಕೆ ಬಿಗಿದು ಕೊಂಡಿ ಬಿಡಿಸಿದರೆ ಅದು ಮನೆ ಇರುವಷ್ಟು ಕಾಲ ನಿಲ್ಲುತ್ತದೆ. ಖರ್ಚು ಮೊಳದುದ್ದದ ಸರಳಿನದು. ಮೇಸ್ತ್ರಿಗೆ ಕಾಂಕ್ರೀಟು ಸುರಿಯುವ ಮೊದಲು ಹೇಳಬೇಕು, ಅಷ್ಟೆ.