ಉತ್ತರದ ನದಿಯೂ ಗಾಳದ ಕೋಲೂ

ಬೇಟೆಗಳಲ್ಲೆಲ್ಲ ತಾಳ್ಮೆಯ ಬೇಟೆಯೆಂದರೆ ಗಾಳದ ಬೇಟೆ. ಮೈಸೂರಿನವರಾದ ನಮಗೆ ಇದು ಕೇಳಿ ಅರಿಯದ ವಿಷಯವೇನೂ ಅಲ್ಲ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಅವರು ಕಬಿನಿಯಲ್ಲಿ 120 ಪೌಂಡು ತೂಕದ ಮಹಸೀರ್ ಮೀನನ್ನು ಗಾಳದಿಂದ ಹಿಡಿದುದನ್ನು ಈ ವಿನೋದದಲ್ಲಿ ಆಸಕ್ತಿಯುಳ್ಳವರು ಇಂದಿಗೂ ನೆನೆಯುತ್ತಾರೆ. ನಮ್ಮ ಹೊಳೆಗಳಲ್ಲಿ ಮಹಸೀರಿಗೆ ಯಾವ ಕೀರ್ತಿಯುಂಟೋ ಉತ್ತರ ಯೂರೋಪಿನ ನದಿಗಳಲ್ಲಿ ಸಾಲ್ಮನ್ ಮೀನಿಗೆ ಆ ಕೀರ್ತಿಯುಂಟು. ಆ ಮೀನನ್ನೂ, ಅದನ್ನು ಹಿಡಿಯುವವರಿಗೆ ವಿಧಿಸಿರುವ ಕಟ್ಟಳೆಗಳನ್ನೂ ಕುರಿತು ಈ ದಿನ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ. ನದಿಗಳು ಹಲವಿದ್ದರೂ ಒಂದನ್ನೇ ಆರಿಸಿಕೊಳ್ಳುತ್ತೇವೆ.

ಆ ನದಿಯ ಹೆಸರು ತಾನಾ. ನಾರ್ವೆ ದೇಶಕ್ಕೂ ಫಿನ್ಲೆಂಡಿಗೂ ನಡುವೆ ಬಹುದೂರ ಗಡಿಯಾಗಿ ಹರಿದು ಉತ್ತರದ ಬ್ಯಾರೆಂಟ್ಸ್ ಸಮುದ್ರವನ್ನು ಸೇರುತ್ತದೆ. ಫಿನ್ಲೆಂಡಿನವರು ಇದನ್ನು ತೇನೋ ಎನ್ನುತ್ತಾರೆ. ದಡದ ಮೂಲನಿವಾಸಿಗಳಾದ ಸಾಮಿ ಜನರು ದೆಯಾತ್ನು ಎಂದು ಕರೆಯುತ್ತಾರೆ. ಅಲ್ಲಿ ಜೂನ್ ತಿಂಗಳಿನಲ್ಲಿ ಸೂರ್ಯನು ಮುಳುಗುವುದೇ ಇಲ್ಲ. ನಡುರಾತ್ರಿಯಲ್ಲಿಯೂ ಬಿಸಿಲಿರುವಾಗ ನೀಳವಾದ ಕಿರುದೋಣಿಗಳಲ್ಲಿ ಕುಳಿತು ಜನರು ಗಾಳ ಹಾಕುತ್ತಿದ್ದರು. 1928ರಲ್ಲಿ ಹೆನ್ರಿಕ್ ಹೆನ್ರಿಕ್ಸನ್ ಎಂಬವರು ಈ ನದಿಯಲ್ಲಿಯೇ ಸುಮಾರು 36 ಕಿಲೋಗ್ರಾಂ ತೂಕದ ಸಾಲ್ಮನ್ ಮೀನನ್ನು ಹಿಡಿದರು. ಅಟ್ಲಾಂಟಿಕ್ ಸಾಲ್ಮನ್ ಜಾತಿಯಲ್ಲಿ ಗಾಳಕ್ಕೆ ಸಿಕ್ಕಿದ ಮೀನುಗಳಲ್ಲೆಲ್ಲ ಅದೇ ಹಿರಿದೆಂದು ಪ್ರಸಿದ್ಧವಾಗಿದೆ.

ಈ ಮೀನಿನ ಬಾಳು ವಿಚಿತ್ರವಾದುದು. ಶರತ್ಕಾಲದಲ್ಲಿ ತಾಯಿಮೀನು ನದಿಯ ಜಲ್ಲಿಕಲ್ಲುಗಳ ನಡುವೆ ಮೊಟ್ಟೆಯಿಡುತ್ತದೆ. ಮರಿಯು ಕೆಲವು ವರ್ಷ ಸಿಹಿನೀರಿನಲ್ಲಿ ಬೆಳೆದು, ಮೈಗೆ ಬೆಳ್ಳಿಯ ಬಣ್ಣ ಬಂದ ಮೇಲೆ ಸಮುದ್ರಕ್ಕೆ ಇಳಿಯುತ್ತದೆ. ಅಲ್ಲಿ ಒಂದು ಚಳಿಗಾಲವನ್ನೋ ಮೂರು ನಾಲ್ಕನ್ನೋ ಕಳೆದು, ತಾನು ಹುಟ್ಟಿದ ನದಿಗೇ ಹಿಂದಿರುಗುತ್ತದೆ. ನೀರಿನ ವಾಸನೆಯೇ ಅದಕ್ಕೆ ಕೊನೆಯ ದಾರಿಯನ್ನು ತೋರಿಸುತ್ತದೆಂದು ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ನದಿಯೊಳಕ್ಕೆ ಬಂದ ಮೇಲೆ ಅದು ಆಹಾರವನ್ನು ಬಿಟ್ಟುಬಿಡುತ್ತದೆ. ಹಸಿವಿಲ್ಲದ ಆ ಮೀನು ಗರಿಯಿಂದ ಕಟ್ಟಿದ ಹುಸಿನೊಣಕ್ಕೆ ಏಕೆ ಬಾಯಿ ಹಾಕುತ್ತದೆ? ಸಿಟ್ಟಿನಿಂದಲೋ, ಹಳೆಯ ಅಭ್ಯಾಸದಿಂದಲೋ ಎಂದು ಗಾಳಗಾರರು ಇಂದಿಗೂ ಚರ್ಚಿಸುತ್ತಾರೆ. ಈ ವಿನೋದದ ಸ್ವಾರಸ್ಯವೆಲ್ಲ ಆ ಪ್ರಶ್ನೆಯಲ್ಲಿಯೇ ಅಡಗಿದೆ.

ಬೇಸಿಗೆಯ ಮೊದಲಲ್ಲಿ ಹಿಮ ಕರಗಿ ನದಿಯು ತುಂಬಿ ಹರಿಯುತ್ತದೆ. ದೊಡ್ಡ ಮೀನುಗಳು ಆಗಲೇ ಏರಿಬರುತ್ತವೆ. ಒಂದೇ ಚಳಿಗಾಲ ಕಡಲಿನಲ್ಲಿದ್ದ ಸಣ್ಣವು ಜುಲೈ ತಿಂಗಳಿನಲ್ಲಿ ಬರುತ್ತವೆ. ನೀರು ಇಳಿದು ಬಿಸಿಯಾದರೆ ಮೀನುಗಳು ತಂಪಾದ ಮಡುಗಳಲ್ಲಿ ಅಲುಗಾಡದೆ ನಿಂತುಬಿಡುತ್ತವೆ. ನೀರಿನ ಉಷ್ಣತೆಯು 20 ಡಿಗ್ರಿ ಸೆಂಟಿಗ್ರೇಡನ್ನು ಮೀರಿದಾಗ ಅದರಲ್ಲಿ ಪ್ರಾಣವಾಯು ಕಡಮೆಯಾಗುತ್ತದೆ. ಅಂತಹ ಸಮಯದಲ್ಲಿ ಗಾಳದೊಡನೆ ಹೋರಾಡಿ ದಣಿದ ಮೀನನ್ನು ದಯೆಯಿಂದ ಬಿಟ್ಟರೂ ಅದು ಬದುಕುವುದು ಕಷ್ಟ. ಆದಕಾರಣ ಬಿಸಿಲೇರಿದ ದಿನ ಗಾಳವನ್ನು ಸುತ್ತಿಡುವುದೇ ಮರ್ಯಾದೆಯೆಂದು ಬಲ್ಲವರು ತಿಳಿದಿದ್ದಾರೆ.

ಇನ್ನು ಕಟ್ಟಳೆಗಳು. ಪರವಾನಗಿಯಿಲ್ಲದೆ ಗಾಳ ಹಾಕಕೂಡದು. ಕಾಲವು ಬೇಸಿಗೆಯ ಕೆಲವು ವಾರಗಳಿಗೆ ಮಾತ್ರ ಸೀಮಿತ. ಹಿಡಿದ ಮೀನಿನ ಲೆಕ್ಕವನ್ನು ಒಪ್ಪಿಸಬೇಕು. ಬೇರೆ ನದಿಯಲ್ಲಿ ಬಳಸಿದ ಕೋಲು, ದಾರ, ಬೂಟುಗಳನ್ನು ಔಷಧದಿಂದ ತೊಳೆದು ಶುದ್ಧಿಮಾಡಿ ತರಬೇಕು. ಈ ಕೊನೆಯ ನಿಯಮ ಮಡಿಯಂತೆ ತೋರಬಹುದು. ಆದರೆ 1970ರ ದಶಕದಲ್ಲಿ ನಾರ್ವೆಗೆ ಹೊರಗಿನಿಂದ ಬಂದ ಕಣ್ಣಿಗೆ ಕಾಣಿಸದಷ್ಟು ಸಣ್ಣದೊಂದು ಪರೋಪಜೀವಿಯು ಹಲವು ನದಿಗಳ ಸಾಲ್ಮನ್ ಮರಿಗಳನ್ನು ನಾಶಮಾಡಿತು. ಒದ್ದೆಯಾದ ಬೂಟಿನೊಡನೆಯೂ ಅದು ಒಂದು ನದಿಯಿಂದ ಮತ್ತೊಂದಕ್ಕೆ ದಾಟಬಲ್ಲದು.

ಇಷ್ಟೆಲ್ಲ ಕಟ್ಟಳೆಗಳಿದ್ದರೂ ತಾನಾ ನದಿಯ ಮೀನು ಕಡಮೆಯಾಗುತ್ತ ಬಂದಿತು. 2017ರಲ್ಲಿ ಎರಡು ದೇಶಗಳೂ ಹೊಸ ಒಪ್ಪಂದ ಮಾಡಿಕೊಂಡು ಮೀನುಗಾರಿಕೆಯನ್ನು ಬಿಗಿಗೊಳಿಸಿದುವು. ಅದೂ ಸಾಲದೆ 2021ರಲ್ಲಿ ಸಾಲ್ಮನ್ ಹಿಡಿಯುವುದನ್ನೇ ನಿಲ್ಲಿಸಿದುವು. ನಿಷೇಧವು ಮುಂದಿನ ಬೇಸಿಗೆಗಳಲ್ಲಿಯೂ ಮುಂದುವರಿಯಿತು. ಒಂದು ಭಾಗವನ್ನಾದರೂ ತೆರೆದಿಡಬಾರದೇ ಎಂದು ಶ್ರೋತೃಗಳು ಕೇಳಬಹುದು. ಇಲ್ಲೊಂದು ತೊಡಕುಂಟು. ತಾನಾ ನದಿಗೆ ಅನೇಕ ಉಪನದಿಗಳಿವೆ. ಒಂದೊಂದರಲ್ಲಿ ಹುಟ್ಟಿದ ಮೀನು ಅದಕ್ಕೇ ಹಿಂದಿರುಗುವುದರಿಂದ ಸುಮಾರು 30 ಪ್ರತ್ಯೇಕ ಕುಲಗಳು ಏರ್ಪಟ್ಟಿವೆ. ಇವೆಲ್ಲವೂ ಒಂದೇ ಹೆದ್ದಾರಿಯಲ್ಲಿ ಏರಿಬರಬೇಕು. ಹಿರಿಯ ನದಿಯಲ್ಲಿ ಗಾಳಕ್ಕೆ ಸಿಕ್ಕಿದ ಮೀನು ಸಮೃದ್ಧವಾದ ಕುಲದ್ದೋ, ಅಳಿವಿನ ಅಂಚಿನಲ್ಲಿರುವ ಕುಲದ್ದೋ ನೋಡಿ ಹೇಳುವಂತಿಲ್ಲ. ಬಡವಾದ ಕುಲವನ್ನು ಉಳಿಸಬೇಕಾದರೆ ಎಲ್ಲವನ್ನೂ ಬಿಡಬೇಕು.

ಇದು ಒಂದು ನದಿಯ ಕಥೆಯಷ್ಟೇ ಅಲ್ಲ. 2023ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಘವು 2006ರಿಂದ 2020ರವರೆಗೆ ಅಟ್ಲಾಂಟಿಕ್ ಸಾಲ್ಮನ್ ಸಂಖ್ಯೆಯು ನೂರಕ್ಕೆ 23ರಷ್ಟು ಇಳಿದುದೆಂದು ಪ್ರಕಟಿಸಿತು. 2024ರ ಜೂನ್ 23ರ ಮಧ್ಯರಾತ್ರಿ, ಬೇಸಿಗೆಯ ನಡುವೆಯೇ, ನಾರ್ವೆ ಸರ್ಕಾರದವರು 33 ನದಿಗಳಲ್ಲಿ ಸಾಲ್ಮನ್ ಮೀನುಗಾರಿಕೆಯನ್ನು ನಿಲ್ಲಿಸಿದರು. ಮುಂದಿನ ತಿಂಗಳು ಕೆಲವನ್ನು ಮಾತ್ರ ಬಿಗಿಯಾದ ಕಟ್ಟಿನೊಡನೆ ತೆರೆದರು.

ತಪ್ಪು ಗಾಳಗಾರರದು ಮಾತ್ರವೇ? ಹಾಗೆಂದರೆ ಅನ್ಯಾಯವಾಗುತ್ತದೆ. ಬಿಸಿಯಾಗುತ್ತಿರುವ ಕಡಲಿನಲ್ಲಿ ಬದುಕುಳಿದು ಹಿಂದಿರುಗುವ ಮೀನುಗಳೇ ಕಡಮೆಯಾಗಿವೆ. ನಾರ್ವೆಯ ಕರಾವಳಿಯಲ್ಲಿ ಪಂಜರಗಳಲ್ಲಿ ಸಾಕುವ ಸಾಲ್ಮನ್ ಮೀನುಗಳಿಂದ ಕಡಲ ಹೇನು ಹರಡಿ ಕಾಡುಮೀನಿನ ಮರಿಗಳನ್ನು ಬಾಧಿಸುತ್ತದೆ. ಹಿಂದೆ ಸೋವಿಯತ್ ರಷ್ಯದವರು ಶ್ವೇತ ಸಮುದ್ರದ ಕಡೆಯ ನದಿಗಳಿಗೆ ತಂದು ಬಿಟ್ಟ ಪೆಸಿಫಿಕ್ ಸಾಗರದ ಗುಲಾಬಿ ಸಾಲ್ಮನ್, 2017ರಿಂದ ಬೆಸಸಂಖ್ಯೆಯ ವರ್ಷಗಳಲ್ಲಿ ಉತ್ತರದ ನದಿಗಳಿಗೆ ಹಿಂಡುಹಿಂಡಾಗಿ ನುಗ್ಗಿ ಬಂದಿದೆ.

ಆದರೆ ದಂಡವನ್ನು ತೆರುವವರಾರು? ದೂರದ ಊರಿನಿಂದ ಬಂದ ವಿನೋದಪ್ರಿಯನು ಬೇರೆ ನದಿಗೆ ಹೋಗಬಹುದು. ದಡದಲ್ಲಿಯೇ ಹುಟ್ಟಿದ ಸಾಮಿ ಕುಟುಂಬವು ಎಲ್ಲಿಗೆ ಹೋದೀತು? ಸಾಲ್ಮನ್ ಅವರಿಗೆ ಊಟ. ಬಲೆ ನೇಯುವ ವಿದ್ಯೆ. ನದಿಯ ತಿರುವು ತಿರುವಿಗೂ ಇರುವ ಹೆಸರು. ಬಲೆಯನ್ನು ನೀರಿಗಿಳಿಸದೆ ಬೇಸಿಗೆಗಳು ಕಳೆದರೆ ಮಕ್ಕಳಿಗೆ ಆ ವಿದ್ಯೆಯನ್ನು ಕಲಿಸುವ ಬಗೆ ಯಾವುದು? 2022ರಲ್ಲಿ ಫಿನ್ಲೆಂಡಿನ ಪರಮೋಚ್ಚ ನ್ಯಾಯಾಲಯವು, ತಮ್ಮ ಊರಿನ ಉಪನದಿಯಲ್ಲಿ ಪರವಾನಗಿಯಿಲ್ಲದೆ ಮೀನು ಹಿಡಿದಿದ್ದ ಸಾಮಿ ಜನರನ್ನು ನಿರ್ದೋಷಿಗಳೆಂದು ಬಿಟ್ಟಿತು. ಅದು ಅವರ ಸಂಸ್ಕೃತಿಗೆ ಸೇರಿದ ಹಕ್ಕೆಂದು ಎಣಿಸಿತು. ಹಕ್ಕು ನ್ಯಾಯವಾದುದು, ಮೀನಿನ ಅಭಾವವೂ ನಿಜವಾದುದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸುಲಭವಲ್ಲ.

ನಮಗೆ ತೋರುವುದಿಷ್ಟು. ನದಿಯನ್ನು ಮುಚ್ಚುವ ಅಧಿಕಾರವುಳ್ಳವರು ಕಡಲಿನ ಪಂಜರಗಳ ಮೇಲೆಯೂ ಅಷ್ಟೇ ಬಿಗಿಯಾದ ಕೈಯಿಡಬೇಕು. ದಡದವರನ್ನು ಕೇಳಿಯೇ ಕಟ್ಟಳೆ ಮಾಡಬೇಕು. ಗಾಳಗಾರನು ಮೀನು ಕಚ್ಚುವವರೆಗೆ ಕಾಯಬಲ್ಲನು. ಮೀನು ಮರಳಿ ತುಂಬುವವರೆಗೆ ಕಾಯುವುದೂ ಅದೇ ತಾಳ್ಮೆಯ ಮುಂದಿನ ಪಾಠ. ಆದರೆ ಆ ಕಾಯುವಿಕೆಯ ಭಾರವೆಲ್ಲ ನದಿಯ ದಡದವರ ಹೆಗಲಿಗೇ ಬೀಳಬಾರದು.